ಅರ್ಜಿಗೂ ಅಳತೆ ಉಂಟು: ಕಷ್ಟದಲ್ಲಿ ಟ್ರಸ್ಟ್, ಸಂಘಗಳಿಂದ ಸಹಾಯ ಕೇಳುವುದು ಹೇಗೆ

ನಾನು ಟೈಲರ್. ಉಡುಪಿ ಹತ್ತಿರದ ಹಳ್ಳಿಯಲ್ಲಿ, ಮನೆಯ ಜಗಲಿಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ, ಚೂಡಿದಾರ್ ಹೊಲಿಯುತ್ತೇನೆ. ನನ್ನ ಅಳತೆ ಪುಸ್ತಕವನ್ನು ಮುಂದಿನಿಂದ ತೆರೆದರೆ ಎದೆ, ಸೊಂಟ, ತೋಳು. ಹಿಂದಿನಿಂದ ತೆರೆದರೆ ಬೇರೆಯೇ ಲೆಕ್ಕ: ಯಾವ ಸಂಘಕ್ಕೆ ಹೋದೆ, ಯಾರು ಸಿಕ್ಕಿದರು, ಏನು ಕಾಗದ ಕೇಳಿದರು, ಮತ್ತೆ ಯಾವಾಗ ಬರಲು ಹೇಳಿದರು.

ನಮ್ಮ ಯಜಮಾನರು ಪೇಂಟರ್. ಆರು ವರ್ಷದ ಹಿಂದೆ ಕೆಲಸದಲ್ಲಿದ್ದಾಗ ಎರಡಾಳು ಎತ್ತರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆ ವಾರ ಶುರುವಾದ ಪುಟಗಳು ಅವು. ಈಗ ಬಟ್ಟೆ ಕೊಡಲು ಬಂದವರು ಅರ್ಜಿಯನ್ನೂ ಬರೆಸಿಕೊಂಡು ಹೋಗುತ್ತಾರೆ. ಎಲ್ಲರಿಗೂ ಅದದೇ ಮಾತು ಹೇಳಿ ಹೇಳಿ ಸಾಕಾಗಿ, ಒಮ್ಮೆ ಬರೆದೇ ಬಿಡೋಣ ಅನಿಸಿತು.

ನನ್ನ ಮೊದಲ ಅರ್ಜಿ ಮೂರು ಪುಟ ಇತ್ತು. ಮದುವೆಯಾದಲ್ಲಿಂದ ಹಿಡಿದು ಎಲ್ಲ ಕಷ್ಟ ಬರೆದಿದ್ದೆ. ಬರೆಯುವಾಗ ಅತ್ತಿದ್ದೆ ಕೂಡ. ಅದನ್ನು ಓದಿದ ಹಿರಿಯರು ಕನ್ನಡಕ ತೆಗೆದು, ಹಾಳೆ ತಿರುಗಿಸಿ ಹಿಂಬದಿ ನೋಡಿ, "ಎಲ್ಲ ಸರಿ, ಎಷ್ಟು ಬೇಕಮ್ಮಾ?" ಅಂದರು. ನಾನು ಮೊತ್ತವನ್ನೇ ಬರೆದಿರಲಿಲ್ಲ! ಕೇಳಿದಾಗಲೂ ಬಾಯಲ್ಲಿ ಬಂದದ್ದು "ನಿಮಗೆ ತೋಚಿದಷ್ಟು" ಅಂತ. ರವಿಕೆ ಹೊಲಿಸಲು ಬಂದವರು "ನಿಮಗೆ ತೋಚಿದಷ್ಟು ಅಗಲ ಇಡಿ" ಅಂದರೆ ನಾನು ಹೊಲಿಯುತ್ತೇನಾ? ಅವರೂ ಹಾಗೇ. ಕೊಡಲು ಮನಸ್ಸಿದ್ದರೂ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗಬೇಕಲ್ವಾ?

ಹಾಗಾಗಿ ಮೊದಲ ಕೆಲಸ ಅರ್ಜಿ ಬರೆಯುವುದಲ್ಲ. ಕೊರತೆ ಎಷ್ಟು ಅಂತ ಲೆಕ್ಕ ಹಾಕುವುದು.

ಆಸ್ಪತ್ರೆ ಖರ್ಚಾದರೆ ಬಿಲ್ಲಿಂಗ್ ಕೌಂಟರಿನಲ್ಲಿ ಎಸ್ಟಿಮೇಟ್ ಕೇಳಿ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲೇ ಇರಬೇಕು. ರೋಗಿಯ ಹೆಸರು, ಆಸ್ಪತ್ರೆಯ ನಂಬರ್, ಏನು ಚಿಕಿತ್ಸೆ, ಎಷ್ಟು ಮೊತ್ತ, ಡಾಕ್ಟರ ಸಹಿ ಮತ್ತು ಸೀಲು. ಚೆಕ್ ಯಾರ ಹೆಸರಿಗೆ ಬರೆಯಬೇಕು ಅನ್ನುವುದನ್ನೂ ಅದರಲ್ಲೇ ಹಾಕಿಸಿ. ದೊಡ್ಡ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಅಂತ ಇರುತ್ತಾರೆ. ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿ. ಯಾವ ಟ್ರಸ್ಟ್ ಯಾವ ಕಾಯಿಲೆಗೆ ಕೊಡುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಟಾಟಾ ಟ್ರಸ್ಟ್‌ನಂಥ ದೊಡ್ಡ ಕಡೆಗೆ ಅರ್ಜಿ ಹಾಕುವುದಿದ್ದರೂ ಅವರ ಮೂಲಕ ಹೋದರೆ ದಾರಿ ಸುಲಭ.

ಆಮೇಲೆ ಸರಕಾರದ್ದು ಏನು ಸಿಗುತ್ತದೆ ನೋಡಿ. ಇದನ್ನು ಬಿಟ್ಟು ನೇರ ಟ್ರಸ್ಟಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಯೇ "ಆಯುಷ್ಮಾನ್ ಮಾಡಿಸಿದ್ದೀರಾ?" ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಸರಕಾರ ಗೊತ್ತು ಮಾಡಿದ ದರದ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಕೆಲವು ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮ ಕಡೆಯವರು ಅದಕ್ಕೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗುತ್ತಾರೆ. ತುರ್ತು ಅಂದರೆ ಚೀಟಿ ಬೇಡ. ಯೋಜನೆ ಇರುವ ಆಸ್ಪತ್ರೆಯಲ್ಲಿ "ಆರೋಗ್ಯ ಮಿತ್ರ" ಅಂತ ಒಬ್ಬರು ಕೂತಿರುತ್ತಾರೆ. ಅಡ್ಮಿಟ್ ಆದ ಕೂಡಲೇ ರೇಷನ್ ಕಾರ್ಡ್, ಆಧಾರ್ ಹಿಡಿದು ಅವರ ಮುಂದೆ ನಿಲ್ಲಿ. ಬಿಲ್ ಆದ ಮೇಲೆ ಹೋದರೆ ಪ್ರಯೋಜನ ಇಲ್ಲ.

ನಮ್ಮದು ಎಪಿಎಲ್ ಕಾರ್ಡ್. ಬಾಡಿಗೆ ಮನೆ, ದಿನಗೂಲಿ, ಆದರೂ ಎಪಿಎಲ್. ಅದರ ಕತೆ ಇಲ್ಲಿ ಬೇಡ.

ಕಟ್ಟಡ ಕೆಲಸದವರಿಗೆ ಇನ್ನೊಂದು ಮಾತು. ಗಾರೆ, ಸೆಂಟ್ರಿಂಗ್, ಪೇಂಟಿಂಗ್, ಯಾವುದೇ ಇರಲಿ, 18ರಿಂದ 60 ವರ್ಷದೊಳಗೆ ಇದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಬಹುದು. ಅಪಘಾತಕ್ಕೆ, ಚಿಕಿತ್ಸೆಗೆ, ಮಕ್ಕಳ ಓದಿಗೆ ಮಂಡಳಿಯಿಂದ ದುಡ್ಡು ಉಂಟು. ನಮ್ಮವರ ಹತ್ತಿರವೂ ಕಾರ್ಡ್ ಇತ್ತು. ಬೀರುವಿನೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ತುಂಬಾ ಜೋಪಾನವಾಗಿ. ತೆಗೆದು ನೋಡಿದರೆ ಅವಧಿ ಮುಗಿದು ಹೋಗಿತ್ತು. ತಪ್ಪು ನಮ್ಮದೇ. ನಿಮ್ಮ ಮನೆಯ ಕಾರ್ಡನ್ನು ಇವತ್ತೇ ತೆಗೆದು ತಾರೀಕು ನೋಡಿ.

ನಮ್ಮ ಲೆಕ್ಕ ಹೀಗಿತ್ತು. ಎಸ್ಟಿಮೇಟ್ 1,40,000. ಆರೋಗ್ಯ ಕರ್ನಾಟಕದಿಂದ 27,000. ಸ್ವಸಹಾಯ ಸಂಘದ ಸಾಲ 15,000, ಅಣ್ಣ ಕೊಟ್ಟದ್ದು 10,000, ನನ್ನ ಚೀಟಿ ದುಡ್ಡು 6,000. ಕಳೆದರೆ ಉಳಿಯುವುದು 82,000. ಈ 82,000 ಅನ್ನುವ ಸಂಖ್ಯೆ ಸಿಕ್ಕಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಅಲ್ಲಿವರೆಗೆ "ಲಕ್ಷಗಟ್ಟಲೆ" ಅಂತ ಸುಮ್ನೆ ಹೆದರಿಕೊಂಡಿದ್ದೆ.

ಎರಡನೇ ಸಲ ಬರೆದ ಅರ್ಜಿ ಒಂದೇ ಪುಟ. ಈಗಲೂ ಎಲ್ಲರಿಗೂ ಇದೇ ಅಳತೆಯಲ್ಲಿ ಬರೆದು ಕೊಡುತ್ತೇನೆ:

"ಮಾನ್ಯರೇ, ನನ್ನ ಗಂಡ, ವಯಸ್ಸು 44, ಪೇಂಟಿಂಗ್ ಕೆಲಸ ಮಾಡುವವರು. ಕೆಲಸದ ವೇಳೆ ಬಿದ್ದು ತೊಡೆಯ ಮೂಳೆ ಮುರಿದಿದೆ. ಆಸ್ಪತ್ರೆಗೆ ಸೇರಿಸಿದ್ದೇವೆ. ಆಪರೇಶನ್ನಿಗೆ ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ 1,40,000 ರೂ. ಸರಕಾರದ ಯೋಜನೆಯಿಂದ 27,000, ನಾವು ಹೊಂದಿಸಿದ್ದು 31,000. ಕೊರತೆ 82,000 ರೂ. ಮನೆಯಲ್ಲಿ ನಾಲ್ಕು ಜನ. ಸದ್ಯ ನನ್ನ ಹೊಲಿಗೆಯ ಆದಾಯ ಮಾತ್ರ, ತಿಂಗಳಿಗೆ ಸುಮಾರು 7,000. ಬಾಡಿಗೆ 2,500. ಕೊರತೆಯಲ್ಲಿ 25,000 ರೂಪಾಯಿ ತಮ್ಮಿಂದ ಕೋರುತ್ತೇನೆ. ಹಣವನ್ನು ನೇರ ಆಸ್ಪತ್ರೆಯ ಹೆಸರಿಗೆ ಕೊಡಬಹುದು. ಬೇರೆ ಕಡೆಗೂ ಅರ್ಜಿ ಕೊಟ್ಟಿದ್ದೇನೆ. ವಿವರ ಹಿಂಬದಿಯಲ್ಲಿದೆ."

ಕೊನೆಯ ಮೂರು ಸಾಲು ಮುಖ್ಯ. "ಆಸ್ಪತ್ರೆಯ ಹೆಸರಿಗೇ ಕೊಡಿ" ಅಂದರೆ ಕೊಡುವವರ ಅರ್ಧ ಅನುಮಾನ ಹೋಗುತ್ತದೆ. ಬೇರೆ ಕಡೆ ಕೇಳಿದ್ದನ್ನು ಮುಚ್ಚಿಡಬೇಡಿ. ಒಂದೇ ಊರಿನ ಸಂಘಗಳವರು ಒಂದೇ ಮದುವೆಯಲ್ಲಿ ಊಟಕ್ಕೆ ಕೂರುವವರು ಮಾರಾಯ್ರೆ, ಮಾತು ಹೋಗಿಯೇ ಹೋಗುತ್ತದೆ. ಮತ್ತೆ, ಪೂರ್ತಿ 82,000 ಒಬ್ಬರಲ್ಲೇ ಕೇಳಬೇಡಿ. ಚಿಕ್ಕ ಸಂಘಕ್ಕೆ ಅದು ಆಗದ ಮಾತು. ಹೋದ ವರ್ಷ ಇಂಥದ್ದಕ್ಕೆ ಎಷ್ಟು ಕೊಟ್ಟಿದ್ದಾರೆ ಅಂತ ಮೊದಲೇ ವಿಚಾರಿಸಿ, ಅಷ್ಟನ್ನೇ ಕೇಳಿ.

ಇನ್ನು ಎಲ್ಲಿ ಕೇಳುವುದು? ಹತ್ತಿರದ ಬಾಗಿಲಿಂದ ಶುರು ಮಾಡಿ. ನಿಮ್ಮ ಜಾತಿಯ ಸಂಘ, ಊರಿನ ದೇವಸ್ಥಾನ. ಮಸೀದಿಯ ಜಮಾಅತ್‌ನಲ್ಲಿ ಝಕಾತ್ ಹಣ ರಂಝಾನ್ ಹೊತ್ತಿಗೆ ಜಾಸ್ತಿ ಬರುತ್ತದೆ, ಅದಕ್ಕೂ ಮೊದಲೇ ಹೇಳಿಟ್ಟಿರಬೇಕು. ಇಗರ್ಜಿಯವರಾದರೆ ವಿನ್ಸೆಂಟ್ ಡಿ ಪೌಲ್ ಸಭೆಯವರು ಮನೆಗೇ ಬಂದು ನೋಡುತ್ತಾರೆ. ರೋಟರಿ, ಲಯನ್ಸ್ ಕ್ಲಬ್ಬುಗಳಲ್ಲಿ ಜುಲೈಗೆ ಅಧ್ಯಕ್ಷರು ಬದಲಾಗುತ್ತಾರೆ. ಹೊಸಬರಿಗೆ ಉಮೇದು ಜಾಸ್ತಿ, ಆ ಸಮಯ ಒಳ್ಳೆಯದು. ಇದು ನಾನು ಕಂಡುಕೊಂಡದ್ದು, ನಿಯಮ ಅಲ್ಲ. ನಮ್ಮವರು ಮುಂಬಯಿಯಲ್ಲೂ ಇದ್ದಾರಲ್ವಾ? ಬಂಟರ ಸಂಘ, ಬಿಲ್ಲವರ ಎಸೋಸಿಯೇಶನ್, ಮೊಗವೀರರ ಮಂಡಳಿ, ಇವೆಲ್ಲ ಅಲ್ಲಿ ಹಳೆಯವು. ನಿಮ್ಮ ಕುಟುಂಬದವರು ಯಾರಾದರೂ ಅಲ್ಲಿ ಸದಸ್ಯರಿದ್ದರೆ ಫೋನ್ ಮಾಡಿ ಕೇಳಿ.

ಯುವಕ ಮಂಡಲವನ್ನು ಮರೆಯಬೇಡಿ. ಕಟಪಾಡಿಯ ರವಿ ಅಷ್ಟಮಿಗೆ ವೇಷ ಹಾಕಿ, ಕಾಯಿಲೆ ಬಿದ್ದ ಮಕ್ಕಳಿಗಾಗಿ ದುಡ್ಡು ಸೇರಿಸುವುದು ಈಗ ದೇಶಕ್ಕೇ ಗೊತ್ತು. ಅವರೂ ಕಟ್ಟಡ ಕೆಲಸ ಮಾಡುತ್ತಿದ್ದವರೇ. ಅಷ್ಟು ದೊಡ್ಡದಾಗಿ ಅಲ್ಲದಿದ್ದರೂ ನಮ್ಮ ಕಡೆ ಹೆಚ್ಚಿನ ಮಂಡಲಗಳು ಯಾರಿಗಾದರೂ ಆಪತ್ತು ಬಂದರೆ ಡಬ್ಬಿ ಹಿಡಿದು ಹೊರಡುತ್ತವೆ.

ನಮಗೆ ಹೀಗೆ ಬಂತು: ಜಾತಿ ಸಂಘದಿಂದ 20,000. ಯುವಕ ಮಂಡಲದಿಂದ 17,000, ಅದರಲ್ಲಿ ಎಷ್ಟೋ ಹತ್ತು ರೂಪಾಯಿಯ ನೋಟುಗಳು. ಒಂದು ಟ್ರಸ್ಟಿನಿಂದ 25,000. ಒಂದು ಕ್ಲಬ್ಬಿನಿಂದ 10,000. ಉಳಿದ 10,000ವನ್ನು ಆಸ್ಪತ್ರೆಯವರೇ ಬಿಟ್ಟುಕೊಟ್ಟರು. ಬಿಡಿ ಅಂತ ಬಾಯಿಬಿಟ್ಟು ಕೇಳಿದ್ದಕ್ಕೆ ಬಿಟ್ಟರು. ಕೇಳದೆ ಯಾರೂ ಬಿಡುವುದಿಲ್ಲ.

ಪ್ರಧಾನಮಂತ್ರಿ ಪರಿಹಾರ ನಿಧಿ ಹೃದಯದ ಆಪರೇಶನ್, ಕಿಡ್ನಿ ಕಸಿ, ಕ್ಯಾನ್ಸರ್‌ನಂಥ ದೊಡ್ಡ ಖರ್ಚಿಗೆ. ಎಂಪಿ ಕಚೇರಿಗೆ ಎಸ್ಟಿಮೇಟ್ ಸಮೇತ ಹೋಗಿ. ಚಿಕಿತ್ಸೆಗೆ ಮೊದಲೇ ಹಾಕಬೇಕು, ಹಣ ಆಸ್ಪತ್ರೆಗೆ ಹೋಗುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರ ಹಾಕಿ ಕಳಿಸುವುದು ರೂಢಿ. ಅಲ್ಲಿ ಆಸ್ಪತ್ರೆಯ ಒರಿಜಿನಲ್ ಬಿಲ್ ಕೇಳುತ್ತಾರೆ. ಈ ಒರಿಜಿನಲ್ ಬಿಲ್ಲಿನ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಒಂದು ಕಡೆ ಎಲ್ಲ ಒರಿಜಿನಲ್ ಕೊಟ್ಟೆ. ಇನ್ನೊಂದು ಕಡೆಯೂ ಒರಿಜಿನಲ್ಲೇ ಬೇಕೆಂದರು. ಕೈಯಲ್ಲಿ ಝೆರಾಕ್ಸ್ ಕೂಡ ಇರಲಿಲ್ಲ. ಒಂದು ರೂಪಾಯಿಗೆ ಒಂದು ಪುಟ, ಅದನ್ನು ಉಳಿಸಲು ಹೋಗಿ ಎರಡು ದಿನದ ಕೂಲಿ ಕಳೆದುಕೊಂಡೆ. ಏನು ಕೊಡುವುದಿದ್ದರೂ ಮೊದಲು ಎರಡು ಸೆಟ್ ಝೆರಾಕ್ಸ್. ಒರಿಜಿನಲ್ ಕೊಟ್ಟರೆ "ಪಡೆದಿದ್ದೇವೆ" ಅಂತ ಒಂದು ಸೆಟ್ಟಿನ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ.

ಕಾಗದಗಳ ಫೈಲ್ ಒಂದು ಯಾವಾಗಲೂ ತಯಾರಿರಲಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ, ಆದಾಯ ಪ್ರಮಾಣಪತ್ರ. ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಬೇಕು. ಅದರ ಮೇಲಿನ ಆರ್‌ಡಿ ನಂಬರನ್ನು ಬೇರೆ ಬರೆದಿಟ್ಟುಕೊಳ್ಳಿ, ಮಕ್ಕಳ ಸ್ಕಾಲರ್‌ಶಿಪ್ಪಿಗೂ ಅದೇ ಬೇಕಾಗುತ್ತದೆ. ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ಗಂಡನ ಹೆಸರು ಸೇರಿಸಿ, ಇನ್ನೊಂದರಲ್ಲಿ ಬರೀ ಇನಿಶಿಯಲ್ ಇದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಮಕ್ಕಳ ಓದಿನದ್ದು ಬೇರೆ ಲೆಕ್ಕ. ಅಲ್ಲಿ ತಾರೀಕೇ ಎಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರವೇ ಓಡಾಟ ಶುರು ಮಾಡಬೇಕು, ಕಾಲೇಜು ಶುರುವಾದ ಮೇಲೆ ಅಲ್ಲ. ವಿದ್ಯಾಧನ್ ಸ್ಕಾಲರ್‌ಶಿಪ್ಪಿಗೆ ವರ್ಷದ ಆದಾಯ 2 ಲಕ್ಷದ ಒಳಗಿರಬೇಕು, ಎಸ್ಸೆಸ್ಸೆಲ್ಸಿಯಲ್ಲಿ 90% ಬೇಕು. ನನ್ನ ಮಗಳಿಗೆ ಬಂದದ್ದು 88. ಎರಡಕ್ಕೆ ತಪ್ಪಿತು. ಹತ್ತನೇ ಕ್ಲಾಸು ಮತ್ತು ಪಿಯುಸಿ ಎರಡನ್ನೂ ಸರಕಾರಿ ಶಾಲೆ-ಕಾಲೇಜಿನಲ್ಲಿ ಮುಗಿಸಿ ಡಿಗ್ರಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ಉಡುಪಿ ಕಡೆಯವರಾದರೆ ಯಕ್ಷಗಾನ ಕಲಾರಂಗದ ವಿದ್ಯಾಪೋಷಕ್ ವಿಚಾರಿಸಿ. ಹೆಸರು ಯಕ್ಷಗಾನದ್ದಾದರೂ ಬಡ ಮಕ್ಕಳ ಪಿಯುಸಿ, ಡಿಗ್ರಿ ಓದಿಗೆ ನಿಲ್ಲುವ ಸಂಸ್ಥೆ. ಅರ್ಜಿ ಹಾಕಿದವರ ಮನೆಗೆ ಹೋಗಿ ನೋಡುತ್ತಾರೆ. ಮನೆಯೇ ಇಲ್ಲದ ಎಷ್ಟೋ ಮಕ್ಕಳಿಗೆ ದಾನಿಗಳಿಂದ ಮನೆಯನ್ನೂ ಕಟ್ಟಿಸಿಕೊಟ್ಟಿದ್ದಾರೆ.

ಮನೆ ನೋಡಲು ಬರುತ್ತಾರೆ ಅಂದ ಕೂಡಲೇ ಎಲ್ಲರಿಗೂ ಗಾಬರಿ. ನಮ್ಮ ಮನೆಗೆ ಒಂದು ಸಂಸ್ಥೆಯವರು ಬರುವ ಹಿಂದಿನ ದಿನ ಪಕ್ಕದ ಮನೆ ಅಕ್ಕ ಬಂದು, "ಫ್ರಿಜ್ಜನ್ನು ನಮ್ಮಲ್ಲಿ ಇಡು, ಅವರು ಹೋದ ಮೇಲೆ ತಂದುಕೋ" ಅಂದರು. ಅಣ್ಣ ಹೊಸತು ತೆಗೆದುಕೊಂಡಾಗ ಕೊಟ್ಟ ಹಳೇ ಫ್ರಿಜ್ ಅದು. ಬಾಗಿಲು ನಿಲ್ಲದೆ ರವಿಕೆಯ ಲಾಡಿಯಿಂದ ಕಟ್ಟಿದ್ದೆ. ಒಂದು ಕ್ಷಣ ಎತ್ತಿಸಿಬಿಡೋಣ ಅನಿಸಿದ್ದು ನಿಜ. ಆದರೆ ಅದು ಇದ್ದ ಜಾಗದ ಗೋಡೆಯಲ್ಲಿ ಚೌಕಾಕಾರದ ಕಲೆ ಕಾಣುತ್ತಿತ್ತು. ಬಿಟ್ಟೆ. ಬಂದವರಲ್ಲಿ ಒಬ್ಬರು ಲಾಡಿಯನ್ನೇ ನೋಡುತ್ತಾ, "ಇದರೊಳಗೆ ನೀರು ತಣ್ಣಗಾಗುತ್ತದಾ?" ಅಂತ ಕೇಳಿದರು. ನಾನು ಲಾಡಿ ಬಿಚ್ಚಿ ಒಂದು ಲೋಟ ಕೊಟ್ಟೆ. ಮಗಳಿಗೆ ಎರಡು ವರ್ಷದ ಫೀಸು ಅಲ್ಲಿಂದಲೇ ಬಂತು. ಮನೆ ಇದ್ದ ಹಾಗೇ ಇರಲಿ. ಫ್ರಿಜ್, ಟಿವಿ ಎಲ್ಲಿಂದ ಬಂತು ಅಂತ ಹೇಳಿದರೆ ಮುಗಿಯಿತು. ಓದುವ ಮಗುವೂ ಮನೆಯಲ್ಲಿರಲಿ, ಪ್ರಶ್ನೆಗೆ ಅದೇ ಉತ್ತರ ಕೊಡಲಿ.

ಒಂದು ಎಚ್ಚರಿಕೆ. "ಟ್ರಸ್ಟಿನಿಂದ 2 ಲಕ್ಷ ಮಂಜೂರಾಗಿದೆ, ಫೈಲ್ ಚಾರ್ಜ್ 2,500 ಕಳಿಸಿ" ಅಂತ ಫೋನ್ ಬಂದರೆ ಅದು ಮೋಸ. ಕೊಡುವವರು ನಿಮ್ಮಿಂದ ತೆಗೆದುಕೊಳ್ಳುವುದಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ. "ನಾನು ಮಾಡಿಸಿಕೊಡುತ್ತೇನೆ, ಬಂದದ್ದರಲ್ಲಿ ಇಷ್ಟು ಕೊಡಿ" ಅನ್ನುವ ಊರಿನ ದಲ್ಲಾಳಿಗಳೂ ಇದ್ದಾರೆ. ಅವರಿಗೆ ಖಾಲಿ ಹಾಳೆಯಲ್ಲಿ ಸಹಿ ಹಾಕಿ ಕೊಟ್ಟವರನ್ನು ನೋಡಿದ್ದೇನೆ.

ಅರ್ಜಿ ಕೊಟ್ಟು ಹತ್ತು ದಿನ ಕಳೆದರೆ ಒಮ್ಮೆ ಫೋನ್ ಮಾಡಿ. ಸಭೆ ಯಾವಾಗ ಅಂತ ಮಾತ್ರ ಕೇಳಿ. ಚಿಕ್ಕ ಸಂಘಗಳಲ್ಲಿ ತಿಂಗಳಿಗೊಂದೇ ಸಭೆ, ಅದಕ್ಕೆ ಮೊದಲು ದಿನಾ ಫೋನ್ ಮಾಡಿದರೂ ಏನೂ ಆಗುವುದಿಲ್ಲ. ಇಲ್ಲ ಅಂದರೆ ಕಾರಣ ಕೇಳಿ ಬರೆದಿಟ್ಟುಕೊಳ್ಳಿ. ನನಗೆ "ನಮ್ಮ ಗ್ರಾಮದವರಿಗೆ ಮಾತ್ರ" ಅಂದವರೇ ಇನ್ನೊಂದು ಕಡೆಯವರ ನಂಬರ್ ಕೊಟ್ಟಿದ್ದರು.

ಹಣ ಬಂದ ಮೇಲೆ ವಾರದೊಳಗೆ ರಸೀದಿಯ ಝೆರಾಕ್ಸ್ ಮತ್ತು ಎರಡು ಸಾಲಿನ ಪತ್ರ ತಲುಪಿಸಿ. ಅವರಿಗೂ ಆಡಿಟ್ ಇರುತ್ತದೆ.

ಚೆಕ್ ಕೊಟ್ಟರೆ ಅಲ್ಲೇ ನಿಂತು ಹೆಸರಿನ ಸ್ಪೆಲ್ಲಿಂಗ್ ಮತ್ತು ತಾರೀಕು ನೋಡಿ, ಅದೇ ವಾರ ಬ್ಯಾಂಕಿಗೆ ಹಾಕಿ. ಚೆಕ್ಕಿಗೆ ಮೂರು ತಿಂಗಳು ಮಾತ್ರ ಆಯುಸ್ಸು. ನಾನು ಅರ್ಜಿ ಬರೆದುಕೊಟ್ಟ ಅಜ್ಜಿಯೊಬ್ಬರು 5,000ದ ಚೆಕ್ಕನ್ನು ದೇವರ ಫೋಟೋದ ಹಿಂದೆ ಇಟ್ಟು, ಚೌತಿ ಕಳೆದು ದೀಪಾವಳಿಗೆ ಧೂಳು ಹೊಡೆಯುವಾಗ ಮತ್ತೆ ನೋಡಿದ್ದು. ಇಬ್ಬರೂ ಪುನಃ ಬಸ್ಸು ಹತ್ತಿ ಹೋದೆವು. ಆ ಸೆಕ್ರೆಟರಿ ನಕ್ಕು, ಹಳೇ ಚೆಕ್ಕಿನ ಮೇಲಿದ್ದ ಕುಂಕುಮ ಒರೆಸಿ, ಹೊಸತು ಬರೆದುಕೊಟ್ಟರು.