ಕೊಡಗಿನ ಕೆಸರು ದಾರಿಗೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್: ಕೊಳ್ಳುವ ಮೊದಲು ನೋಡಬೇಕಾದದ್ದು

ಕೊಡಗಿನಲ್ಲಿ ಹಳೆಯ ಫೋರ್ ವೀಲ್ ಡ್ರೈವ್ ವಾಹನ ನೋಡಲು ಹೋದವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು. ಇಲ್ಲಿನ ವಾಹನಗಳ ಮಟ್ಟಿಗೆ ಆ ಪ್ರಶ್ನೆಯಿಂದ ತಿಳಿಯುವುದು ಕಡಿಮೆ. ಕಾಫಿ ತೋಟದೊಳಗೆ ಗೊಬ್ಬರದ ಮೂಟೆ, ಪಂಪು, ಕೆಲಸದವರು, ಕೊಯ್ದ ಹಣ್ಣಿನ ಚೀಲಗಳನ್ನು ಹೊತ್ತು ಹತ್ತು ವರ್ಷ ದುಡಿದ ಜೀಪಿನ ಮೀಟರು ನಲವತ್ತು ಸಾವಿರ ಕಿಲೋಮೀಟರ್ ಮಾತ್ರ ತೋರಿಸಬಹುದು. ಆದರೆ ಅದರ ಬಹುಪಾಲು ಮೊದಲ ಎರಡು ಗೇರುಗಳಲ್ಲಿ, ಜಾರುವ ಏರಿನಲ್ಲಿ, ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಸಾಗಿದ ದೂರವಾಗಿರುತ್ತದೆ. ಪ್ರವಾಸಿಗರನ್ನು ತುಂಬಿಕೊಂಡು ಮಾಂದಲ್‌ಪಟ್ಟಿಗೆ ಹತ್ತಿಳಿದ ಜೀಪಿನ ಕಥೆಯೂ ಅಷ್ಟೆ. ಮೈಸೂರು, ಬೆಂಗಳೂರುಗಳ ನಡುವೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ವಾಹನದ ಗೇರ್‌ಬಾಕ್ಸು ಅದಕ್ಕಿಂತ ಗಟ್ಟಿಯಾಗಿರುವುದು ಅಪರೂಪವಲ್ಲ. ಆದ್ದರಿಂದ ಬೆಲೆಯನ್ನು ಮೀಟರಿನಿಂದಲೂ ಹೊಳೆಯುವ ಬಣ್ಣದಿಂದಲೂ ಕಟ್ಟದೆ, ವಾಹನದ ಅಡಿಭಾಗದಿಂದ ಕಟ್ಟಬೇಕು.

ನೋಡಹೊರಟ ವಾಹನ ನಿಜವಾಗಿಯೂ ನಾಲ್ಕು ಚಕ್ರಗಳಿಗೂ ಶಕ್ತಿ ಕೊಡುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬೊಲೆರೊ, ಸ್ಕಾರ್ಪಿಯೊ, ಸಫಾರಿ, ಫಾರ್ಚುನರ್‌ಗಳೆಲ್ಲ ಎರಡೂ ಬಗೆಯಲ್ಲಿ ಮಾರಾಟವಾಗಿವೆ, ಥಾರ್ ಕೂಡ 2023ರ ಜನವರಿಯಿಂದ ಹಿಂಚಕ್ರ ಮಾತ್ರ ಎಳೆಯುವ ಮಾದರಿಯಲ್ಲಿ ಸಿಗುತ್ತಿದೆ. ಹಿಂಬಾಗಿಲಿಗೆ ‘4×4’ ಎಂಬ ಅಂಟುಚೀಟಿ ಹಚ್ಚುವುದಕ್ಕೆ ಹೆಚ್ಚು ಖರ್ಚಿಲ್ಲ. ಬಗ್ಗಿ ನೋಡಿದಾಗ ಮುಂದಿನ ಆಕ್ಸೆಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕಾಣಿಸಿದರೆ ಮಾತ್ರ ನಂಬಬೇಕು. ಎರಡನೆಯದಾಗಿ ‘ಫೋರ್ ಲೋ’, ಅಂದರೆ ನಾಲ್ಕು ಚಕ್ರಗಳಿಗೂ ನಿಧಾನವಾಗಿ ಆದರೆ ಹೆಚ್ಚು ಎಳೆತದೊಂದಿಗೆ ಶಕ್ತಿ ಕೊಡುವ ಲೋ ಗೇರು, ಇದೆಯೇ ಎಂದು ಕೇಳಬೇಕು. ಡಸ್ಟರ್ ಆಲ್ ವೀಲ್ ಡ್ರೈವ್‌ನಂಥ ವಾಹನಗಳು ಕೆಟ್ಟ ರಸ್ತೆಗೂ ಮಳೆಗಾಲದ ಡಾಂಬರಿಗೂ ಬಹಳ ಒಳ್ಳೆಯವು, ಆದರೆ ಲೋ ಗೇರು ಇಲ್ಲದ ಕಾರಣ ಕೆಸರಿನ ಕಡಿದಾದ ಏರಿನಲ್ಲಿ ಅವುಗಳನ್ನು ದಣಿಸುವುದು ಸರಿಯಲ್ಲ.

ಕಡಿಮೆ ಬೆಲೆಯ ಆಯ್ಕೆಗಳಲ್ಲಿ ನನ್ನ ಮೊದಲ ಒಲವು 2010ರಿಂದ ಬಂದ ಹಳೆಯ ಥಾರ್ ಸಿಆರ್‌ಡಿಇ ಕಡೆಗೆ. ಅದರ 2.5 ಲೀಟರ್ ಡೀಸೆಲ್ ಎಂಜಿನ್ನು ಇಲ್ಲಿನ ಮೆಕ್ಯಾನಿಕ್‌ಗಳ ಕೈಗೆ ಚೆನ್ನಾಗಿ ಪಳಗಿದೆ. ರೈಲು ಇಲ್ಲದ ಈ ಜಿಲ್ಲೆಗೆ ಬಿಡಿಭಾಗಗಳು ಮೈಸೂರು ಅಥವಾ ಮಂಗಳೂರಿನಿಂದ ರಸ್ತೆಯಲ್ಲೇ ಬರಬೇಕಾದ್ದರಿಂದ, ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಸುಲಭವಾಗಿ ರಿಪೇರಿಯಾಗುವ ವಾಹನಕ್ಕೆ ಇರುವ ಬೆಲೆಯೇ ಬೇರೆ. ಮಾರುತಿ ಜಿಪ್ಸಿ ಸುಮಾರು ಒಂದು ಟನ್ ತೂಕದ ಹಗುರ ಗಾಡಿಯಾದ್ದರಿಂದ ಕೆಸರಿನ ಮೇಲೆ ತೇಲಿದಂತೆ ಹೋಗುತ್ತದೆ, ಆದರೆ ಲೀಫ್ ಸ್ಪ್ರಿಂಗ್‌ನ ಕುಲುಕಾಟವನ್ನೂ ನೆಲದ ತಗಡಿನ ತುಕ್ಕನ್ನೂ ಒಪ್ಪಿಕೊಂಡವರು ಮಾತ್ರ ಅದನ್ನು ಕೊಳ್ಳಬೇಕು. ಮುಂದೆಯೂ ಹಿಂದೆಯೂ ಡಿಫರೆನ್ಷಿಯಲ್ ಲಾಕ್ (ಒಂದು ಚಕ್ರ ಜಾರಿದರೂ ಜೊತೆಯ ಚಕ್ರಕ್ಕೆ ಶಕ್ತಿ ತಲುಪಿಸುವ ಸಾಧನ) ಇರುವ ಫೋರ್ಸ್ ಗೂರ್ಖಾ ಕೆಸರಿನಲ್ಲಿ ಇವೆರಡನ್ನೂ ಮೀರಿಸುತ್ತದೆ. ಸರ್ವೀಸ್ ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಸ್ವಲ್ಪ ಹೆಚ್ಚು ಹಣವಿದ್ದವರಿಗೆ 2023ರಲ್ಲಿ ಬಂದ ಪೆಟ್ರೋಲ್ ಜಿಮ್ನಿಯೂ ಈಗ ಹಳೆಯ ವಾಹನಗಳ ನಡುವೆ ಕಾಣಿಸುತ್ತಿದೆ. 2020ರ ನಂತರದ ಬಿಎಸ್6 ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತೋಟದೊಳಗೆ ನಿಧಾನವಾಗಿ, ಚಿಕ್ಕ ಚಿಕ್ಕ ದೂರ ಮಾತ್ರ ಓಡಿದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯ ಓಟ ಸಿಗದವರಿಗೆ ಪೆಟ್ರೋಲ್ ವಾಹನವೇ ಮೇಲು.

ವಾಹನ ನೋಡಲು ಮಳೆಗಾಲವೇ ಸರಿಯಾದ ಕಾಲ. ಕಕ್ಕಡ ತಿಂಗಳ ಮಳೆಯಲ್ಲಿ ನಿಂತ ಗಾಡಿ ಎಲ್ಲಿ ಸೋರುತ್ತದೆ, ಯಾವ ಬಾಗಿಲ ರಬ್ಬರ್ ಸತ್ತಿದೆ ಎಂಬುದನ್ನು ತಾನೇ ಹೇಳುತ್ತದೆ. ಬೆಳಗ್ಗೆ ತಲುಪುವವರೆಗೆ ಎಂಜಿನ್ನನ್ನು ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ಮೊದಲೇ ತಿಳಿಸಿ, ಬಾನೆಟ್ ಮುಟ್ಟಿ ತಣ್ಣಗಿದೆಯೇ ಎಂದು ನೋಡಬೇಕು. ಮಡಿಕೇರಿಯ ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ನೀಲಿ ಹೊಗೆ ಬಿಡದೆ ನಿಲ್ಲುವ ಡೀಸೆಲ್ ಎಂಜಿನ್ನು ಅರ್ಧ ಪರೀಕ್ಷೆ ಪಾಸಾದಂತೆ.

ಇನ್ನು ಅಡಿಭಾಗ. ವಾಹನವನ್ನು ಸರ್ವೀಸ್ ಸ್ಟೇಷನ್ನಿನ ರ‍್ಯಾಂಪಿಗೆ ಹತ್ತಿಸಿ, ಟಾರ್ಚ್ ಹಿಡಿದು ಚಾಸಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಬೇಕು. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಚಾಸಿಗೆ ಸೇರುವ ಜಾಗಗಳಲ್ಲಿ ಹೊಸ ವೆಲ್ಡಿಂಗ್ ಗುರುತು ಕಂಡರೆ ಕಾರಣ ಕೇಳಬೇಕು. ಸಮಾಧಾನಕರ ಉತ್ತರ ಸಿಗದಿದ್ದರೆ ಆ ವಾಹನವನ್ನು ಬಿಡುವುದೇ ಸರಿ. ಮಾರುವ ಮುನ್ನ ದಪ್ಪಗೆ ಬಳಿದ ಕಪ್ಪು ಅಂಡರ್‌ಕೋಟಿಂಗ್ ತುಕ್ಕನ್ನು ಮುಚ್ಚುವ ಸುಲಭ ಉಪಾಯ, ಆದ್ದರಿಂದ ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಸದ್ದು ಕೇಳಬೇಕು: ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಕೇಳಿಸುತ್ತದೆ. ಮಂಗಳೂರು, ಕಣ್ಣೂರು ಕರಾವಳಿಯಿಂದ ಬಂದ ವಾಹನಗಳಲ್ಲಿ ಈ ಪರೀಕ್ಷೆಯನ್ನು ಎರಡು ಸಲ ಮಾಡಿದರೂ ತಪ್ಪಿಲ್ಲ. ಮುಂಚಕ್ರವನ್ನು ಜಾಕ್ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಆಟವಿದ್ದರೆ (ಸಡಿಲವಾಗಿ ಅಲುಗಿದರೆ) ಬೇರಿಂಗು ಅಥವಾ ಕಿಂಗ್‌ಪಿನ್ ಸವೆದಿದೆ. ಎಡಬಲ ಹಿಡಿದಾಗ ಆಟವಿದ್ದರೆ ಸ್ಟೀರಿಂಗಿನ ಕೀಲುಗಳು ಸವೆದಿವೆ. ಎರಡು ಆಕ್ಸೆಲ್‌ಗಳ ಮತ್ತು ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಎಣ್ಣೆಯ ಬಿರಡೆ ಬಿಚ್ಚಿಸಿ ಬೆರಳದ್ದಿ ನೋಡಬೇಕು. ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ಹೊಳೆ ದಾಟುವಾಗ ಒಳಗೆ ನೀರು ಹೊಕ್ಕಿದೆ ಎಂದರ್ಥ. ಆ ನೀರು ಬೇರಿಂಗುಗಳನ್ನೂ ಕ್ರೌನ್ ಪಿನಿಯನ್ನನ್ನೂ ತಿನ್ನತೊಡಗಿರುತ್ತದೆ.

ಫೋರ್ ವೀಲ್ ಡ್ರೈವ್ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬಾರದು. ಮುಂದಿನ ಹಿಂದಿನ ಆಕ್ಸೆಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುವ ವಾಹನಗಳಲ್ಲಿ ಒಣ ರಸ್ತೆಯ ತಿರುವು ಗೇರುಗಳನ್ನೇ ಹಾಳು ಮಾಡುತ್ತದೆ. ಒದ್ದೆ ಮಣ್ಣಿನ ಅಂಗಳದಲ್ಲಿ ‘ಫೋರ್ ಹೈ’ಗೆ (ನಾಲ್ಕು ಚಕ್ರಗಳಿಗೂ ಶಕ್ತಿ, ಆದರೆ ಮಾಮೂಲಿ ಗೇರು) ಹಾಕಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸಾಗಿದಾಗ ಮುಂಭಾಗ ಸ್ವಲ್ಪ ಬಿಗಿದು ತಡೆಯುವಂತೆ ಅನ್ನಿಸಬೇಕು, ಏನೂ ಅನ್ನಿಸದಿದ್ದರೆ ಮುಂಚಕ್ರವನ್ನು ಆಕ್ಸೆಲ್‌ಗೆ ಜೋಡಿಸುವ ಹಬ್ ಲಾಕ್ ಆಗುತ್ತಿಲ್ಲ ಎಂಬ ಅನುಮಾನಕ್ಕೆ ಆಸ್ಪದವಿದೆ. ನಂತರ ವಾಹನ ನಿಲ್ಲಿಸಿ ‘ಫೋರ್ ಲೋ’ಗೆ ಬದಲಿಸಿ, ತೋಟದ ಕಡಿದಾದ ಏರೊಂದನ್ನು ಮೊದಲ ಗೇರಿನಲ್ಲಿ ಹತ್ತಬೇಕು. ಸರಪಳಿಯಿಂದ ನಡೆಯುವ ಟ್ರಾನ್ಸ್‌ಫರ್ ಕೇಸುಗಳಲ್ಲಿ ಸರಪಳಿ ಸಡಿಲವಾಗಿದ್ದರೆ ಭಾರ ಬಿದ್ದಾಗ ಹಲ್ಲು ಹಾರುವ ಸದ್ದು ಕೇಳಿಸುತ್ತದೆ. ಹತ್ತುವುದಕ್ಕಿಂತ ಮುಖ್ಯವಾದದ್ದು ಇಳಿಯುವುದು: ಅದೇ ಏರನ್ನು ಲೋ ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಮತ್ತು ಕ್ಲಚ್ಚಿನಿಂದ ಕಾಲು ತೆಗೆದು, ಬ್ರೇಕಿನ ಮೇಲೆ ಕಾಲು ಸಿದ್ಧವಾಗಿಟ್ಟುಕೊಂಡು ಇಳಿಸಬೇಕು. ಆಗ ಗೇರು ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೆ ಅಂಥ ವಾಹನವನ್ನು ಯಾವ ಬೆಲೆಗೂ ಕೊಳ್ಳಬಾರದು. ಜಾರುವ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ತಪ್ಪಿದರೆ ಒಳಗಿರುವವರ ಪ್ರಾಣಕ್ಕೇ ಅಪಾಯ. ಇದಾದ ಮೇಲೆ ಸಂಪಾಜೆ ಘಾಟಿಯನ್ನು ಒಮ್ಮೆ ಇಳಿದು ಹತ್ತಿದರೆ ಬ್ರೇಕು, ರೇಡಿಯೇಟರ್, ಟರ್ಬೊಗಳ ಸ್ಥಿತಿ ತಿಳಿಯುತ್ತದೆ.

2018 ಮತ್ತು 2019ರ ಮಳೆಗಾಲಗಳಲ್ಲಿ ಕೊಡಗಿನಲ್ಲೂ ಕೇರಳದಲ್ಲೂ ಪ್ರವಾಹ ಬಂದಿತ್ತು. ನೀರಿನಲ್ಲಿ ಮುಳುಗಿದ ವಾಹನ ತೊಳೆದು ಒರೆಸಿದ ಮೇಲೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆಯಿದೆಯೇ ಎಂದು ನೋಡಬೇಕು. ಸೀಟಿನ ಕೆಳಗಿನ ಹಳಿಗಳ ತುಕ್ಕು, ಕಾರ್ಪೆಟ್ ಅಡಿಯ ಮಣ್ಣು, ಫ್ಯೂಸ್ ಬಾಕ್ಸಿನ ಹಸಿರುಗಟ್ಟಿದ ತಾಮ್ರ ಸುಳ್ಳು ಹೇಳುವುದಿಲ್ಲ.

ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್, ಕಬ್ಬಿಣದ ಬಂಪರು ಹಾಕಿಸಿದ ವಾಹನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ನಾನು ಮಾತ್ರ ಕಂಪನಿಯಿಂದ ಬಂದ ಹಾಗೆಯೇ ಇರುವ ವಾಹನಕ್ಕೇ ಹೆಚ್ಚು ಬೆಲೆ ಕೊಡಿ ಎನ್ನುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿನ್ಯಾಸವನ್ನು ಬದಲಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕಾಗಬಹುದು. ಅಷ್ಟಲ್ಲದೆ ದೊಡ್ಡ ಟೈರು ಕ್ಲಚ್ ಮತ್ತು ಆಕ್ಸೆಲ್‌ಗಳ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಒಂದೇ ಅಳತೆಯವಾಗಿ, ಸರಿಸುಮಾರು ಒಂದೇ ಪ್ರಮಾಣದಲ್ಲಿ ಸವೆದಿರಬೇಕು.

ಕಾಗದಪತ್ರಗಳಲ್ಲಿ ಆರ್.ಸಿ.ಯ ಚಾಸಿ ಸಂಖ್ಯೆಯನ್ನು ವಾಹನದ ಮೇಲಿನ ಸಂಖ್ಯೆಯೊಂದಿಗೆ ಸ್ವತಃ ಹೋಲಿಸಬೇಕು. ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷ, ಆಮೇಲೆ ಎಫ್.ಸಿ. (ವಾಹನದ ಸುಸ್ಥಿತಿ ಪ್ರಮಾಣಪತ್ರ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಳೆಯ ಜಿಪ್ಸಿ ಕೊಳ್ಳುವವರು ಇದರ ಖರ್ಚನ್ನು ಬೆಲೆಯಲ್ಲಿ ಹಿಡಿದುಕೊಳ್ಳಬೇಕು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಬಂದ ನಿರ್ಬಂಧದ ನಂತರ ಅಲ್ಲಿಂದ ಅಗ್ಗದ ಎಸ್‌ಯುವಿಗಳು ದಕ್ಷಿಣಕ್ಕೆ ಹರಿದು ಬಂದಿವೆ. ಹೊರರಾಜ್ಯದ ವಾಹನಕ್ಕೆ ಫಾರಂ 28ರ ಎನ್.ಒ.ಸಿ. (ನಿರಾಕ್ಷೇಪಣಾ ಪತ್ರ) ಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಈ ಮೊತ್ತವನ್ನು ಮಡಿಕೇರಿಯ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸದೆ ಮುಂಗಡ ಕೊಡಬಾರದು. ಹಳದಿ ಬೋರ್ಡಿನ ಜೀಪಾದರೆ ಪರ್ಮಿಟ್ ರದ್ದಾಗಿರಬೇಕು. ಸಾಲವಿದ್ದರೆ ಬ್ಯಾಂಕಿನ ಎನ್.ಒ.ಸಿ. ಜೊತೆಗೆ ಫಾರಂ 35, ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30.

ಕೈಯಲ್ಲಿರುವ ಹಣದಲ್ಲಿ ಐದರಲ್ಲಿ ಒಂದು ಪಾಲನ್ನು ರಿಪೇರಿಗೆಂದು ತೆಗೆದಿಟ್ಟು, ಉಳಿದದ್ದರಲ್ಲಿ ಸಿಗುವ ವಾಹನವನ್ನೇ ಹುಡುಕಬೇಕು. ಮನೆಗೆ ತಂದ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡು ಆಕ್ಸೆಲ್‌ಗಳ ಎಣ್ಣೆಯನ್ನೂ ಬ್ರೇಕ್ ಆಯಿಲನ್ನೂ ಬದಲಿಸಿ, ಆಕ್ಸೆಲ್‌ಗಳ ಗಾಳಿಕೊಳವೆಗಳು ಕಟ್ಟಿಲ್ಲವೆಂದು ನೋಡಿಸಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ ಗ್ರೀಸ್ ಹೊಡೆಸಬೇಕು. ಹೊಳೆಗೂ ಕೆಸರಿಗೂ ಇಳಿಸುವುದು ಅದಾದ ಮೇಲೆ.