ದೂರದಲ್ಲಿದ್ದುಕೊಂಡೇ ಜ್ಞಾನತಾಯಿಯಾಗಿರುವುದು ಹೇಗೆ

ದೂರದಲ್ಲಿರುವ ನಮ್ಮಂಥವರ ಮನಸ್ಸಿನಲ್ಲಿರುವ ಮಗು ಯಾವಾಗಲೂ ಕಳೆದ ಸಲ ನೋಡಿದ ಮಗುವೇ. ಅದಕ್ಕಿನ್ನೂ ಮೂರು ವರ್ಷ, ಡೈನೋಸಾರ್ ಅಂದರೆ ಪ್ರಾಣ. ಅತ್ತ ಆ ಮಗು ಐದು ತುಂಬಿ, ಡೈನೋಸಾರ್‌ಗಳನ್ನೆಲ್ಲ ತಮ್ಮನಿಗೆ ದಾಟಿಸಿ, ಗ್ರಹಗಳ ಹೆಸರು ಒಪ್ಪಿಸುತ್ತಾ ಓಡಾಡುತ್ತಿರುತ್ತದೆ. ನಾವು ಆಸೆಯಿಂದ ಕಳಿಸಿದ ಡೈನೋಸಾರ್ ಪುಸ್ತಕ ತಲುಪಿದಾಗ ಮನೆಯವರು "ಥ್ಯಾಂಕ್ಯೂ ಹೇಳು" ಅನ್ನುತ್ತಾರೆ, ಮಗು ಹೇಳುತ್ತದೆ, ಪುಸ್ತಕ ಕಪಾಟು ಸೇರುತ್ತದೆ.

ಕ್ರೈಸ್ತರಲ್ಲಿ ಮಗುವಿನ ದೀಕ್ಷಾಸ್ನಾನದಲ್ಲಿ, ಅಂದರೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರದಲ್ಲಿ, ಅದರ ಜೊತೆ ನಿಂತು ಅದರ ವಿಶ್ವಾಸದ ಬದುಕಿಗೆ ಆಸರೆಯಾಗಲು ಒಪ್ಪಿಕೊಳ್ಳುವವಳು ಜ್ಞಾನತಾಯಿ. ನಾನು ಹಾಗೆ ಜೊತೆ ನಿಂತ ನನ್ನ ಜ್ಞಾನಮಗಳಿಗೆ ಈಗ 14 ವರ್ಷ. ಅವಳು ಹುಟ್ಟಿದಾಗಿನಿಂದ ನಾವಿಬ್ಬರೂ ಬೇರೆ ಬೇರೆ ದೇಶಗಳಲ್ಲಿದ್ದೇವೆ. ದೂರದಿಂದ ಪ್ರೀತಿಸುವುದು ಕಷ್ಟವಲ್ಲ. ಆ ಪ್ರೀತಿ ಇವತ್ತಿನ ಮಗುವಿಗೆ ತಲುಪುವಂತೆ ನೋಡಿಕೊಳ್ಳುವುದರಲ್ಲೇ ಎಲ್ಲ ಶ್ರಮವೂ ಇದೆ. ಹೊಸದಾಗಿ ಈ ಜವಾಬ್ದಾರಿ ಹೊತ್ತವರಿಗೆ ಉಪಯೋಗವಾಗಲಿ ಎಂದು ನಾನು ಮಾಡಿಕೊಂಡು ಬಂದಿರುವುದನ್ನು ಬರೆಯುತ್ತಿದ್ದೇನೆ.

ಒಪ್ಪಿಕೊಳ್ಳುವ ಮೊದಲು

ನೀವು ಕಥೋಲಿಕರಾಗಿದ್ದರೆ ಧರ್ಮಸಭೆಯ 1983ರ ನಿಯಮಸಂಹಿತೆ ಏನು ಕೇಳುತ್ತದೆ ಎಂದು ತಿಳಿದುಕೊಳ್ಳಿ. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮತ್ತು ದೃಢೀಕರಣ (ದೀಕ್ಷಾಸ್ನಾನದ ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರ) ಪಡೆದಿರಬೇಕು, ಮಗುವಿನ ಸ್ವಂತ ಅಪ್ಪ ಅಮ್ಮ ಆಗಿರಬಾರದು. ಒಬ್ಬ ಜ್ಞಾನತಂದೆ ಅಥವಾ ಒಬ್ಬ ಜ್ಞಾನತಾಯಿ ಸಾಕು. ಇಬ್ಬರಿದ್ದರೆ ಒಬ್ಬ ಗಂಡು, ಒಬ್ಬ ಹೆಣ್ಣು. ಬೇರೆ ಸಭೆಗಳಲ್ಲಿ ನಿಯಮ ಬೇರೆ ಇರುತ್ತದೆ, ಅಲ್ಲಿನ ಗುರುಗಳನ್ನೇ ಕೇಳುವುದು ಒಳ್ಳೆಯದು. ದೀಕ್ಷಾಸ್ನಾನದ ದಿನ ಹೋಗಲು ಆಗದಿದ್ದರೆ ನಿಮ್ಮ ಪರವಾಗಿ ಇನ್ನೊಬ್ಬರು ನಿಲ್ಲಬಹುದೇ ಎಂದು ಮೊದಲೇ ವಿಚಾರಿಸಿ, ರಿಜಿಸ್ಟರ್‌ನಲ್ಲಿ ಯಾರ ಹೆಸರು ಬರುತ್ತದೆ ಎಂಬುದನ್ನೂ ಖಚಿತ ಮಾಡಿಕೊಳ್ಳಿ.

ಇನ್ನೊಂದು ವಿಷಯ. ಅಪ್ಪ ಅಮ್ಮನಿಗೆ ಏನಾದರೂ ಆದರೆ ಮಗು ತಾನಾಗಿಯೇ ಜ್ಞಾನತಾಯಿಯ ಪಾಲಿಗೆ ಬರುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗೇನಿಲ್ಲ. ದೀಕ್ಷಾಸ್ನಾನದಿಂದ ಕಾನೂನಿನ ಪಾಲಕತ್ವ ಬರುವುದಿಲ್ಲ. ಹೆತ್ತವರ ಮನಸ್ಸಿನಲ್ಲಿ ಆ ಆಸೆ ಇದ್ದರೆ ಅವರು ವಕೀಲರನ್ನು ಕಂಡು ಉಯಿಲಿನಲ್ಲಿ ಬರೆಸಬೇಕು. ಈ ಮಾತನ್ನು ಮಗು ತೊಟ್ಟಿಲಲ್ಲಿರುವಾಗಲೇ ಆಡಿ ಮುಗಿಸಿ. ಆಮೇಲೆ ಯಾರಿಗೂ ಎತ್ತಲು ಧೈರ್ಯ ಬರುವುದಿಲ್ಲ.

ಒಂದು ನೋಟ್‌ಬುಕ್ ಇಡಿ

ಮೊದಲ ಏಳೆಂಟು ವರ್ಷ ಮಗುವಿನ ಬಳಿಗೆ ಹೋಗುವ ದಾರಿ ಅಪ್ಪ ಅಮ್ಮನ ಮೂಲಕವೇ ಹಾದುಹೋಗುತ್ತದೆ. ಅವರಿಗೋ ನಿದ್ದೆಗೇ ಸಮಯವಿಲ್ಲ. "ಮಗು ಹೇಗಿದ್ದಾಳೆ?" ಎಂದರೆ "ಚೆನ್ನಾಗಿದ್ದಾಳೆ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು ಚಿಕ್ಕದೊಂದು ಪ್ರಶ್ನೆ ಕೇಳಿ. ಈ ವಾರ ಯಾವುದಕ್ಕೆ ಹಟ ಹಿಡಿದಳು? ಮಲಗುವಾಗ ಯಾವ ಬೊಂಬೆ ಜೊತೆಗಿರಬೇಕು? ಶಾಲೆಯಲ್ಲಿ ಯಾರ ಪಕ್ಕ ಕೂರುತ್ತಾಳೆ? ಇಂಥದಕ್ಕೆ ಅಮ್ಮ ಒಂದು ಕೈಯಲ್ಲಿ ಪಾತ್ರೆ ತೊಳೆಯುತ್ತಲೇ ಉತ್ತರ ಕೊಡುತ್ತಾಳೆ, ಕೊಡುವಾಗ ನಗುತ್ತಾಳೆ ಕೂಡ.

ಆ ಉತ್ತರಗಳನ್ನು ತಾರೀಖು ಹಾಕಿ ಬರೆದಿಡಿ. ನೆನಪಿರುತ್ತದೆ ಎಂದು ನಂಬಬೇಡಿ. ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹೀಗಿದೆ: "ನಾಯಿ ಬೊಗಳಿದರೆ ಭಯ. ಆದರೂ ನಾಯಿ ಬೇಕು. ಕೆಂಪು ಬಟ್ಟೆ ಹಾಕುವುದಿಲ್ಲ, ಕಾರಣ ಹೇಳುವುದಿಲ್ಲ. ಮುಂದಿನ ಹಲ್ಲು ಅಲ್ಲಾಡುತ್ತಿದೆ, ಎಡಗಡೆಯದು." ಮುಂದಿನ ಸಲ ಕರೆ ಮಾಡುವ ಮೊದಲು ಆ ಪುಟ ತೆರೆದು ನೋಡಿದ್ದೆ. "ಎಡಗಡೆಯ ಹಲ್ಲು ಬಿತ್ತಾ?" ಎಂದೆ. ಅವಳು ಬಾಯಿ ತೆರೆದು ಕ್ಯಾಮೆರಾಗೆ ಒತ್ತಿದಳು. ಪರದೆ ತುಂಬ ಗುಲಾಬಿ ಬಣ್ಣ, ನಡುವೆ ಕಪ್ಪನೆಯ ಸಂದು, ಆ ಸಂದಿನ ತಳದಲ್ಲಿ ಅಕ್ಕಿಕಾಳಿನಷ್ಟು ಬಿಳುಪು. "ಹೊಸದು ಬರ್ತಿದೆ, ಅಮ್ಮನಿಗೆ ಇನ್ನೂ ಹೇಳಿಲ್ಲ" ಎಂದಳು. ಸಾವಿರಾರು ಮೈಲಿ ಆಚೆ ಕೂತ ನನಗೆ ಆ ಸುದ್ದಿ ಮೊದಲು ಸಿಕ್ಕಿತು. ಎಡಗಡೆಯದು ಎಂಬ ಒಂದು ಪದ ಬರೆದಿಟ್ಟಿದ್ದಕ್ಕೆ ಸಿಕ್ಕ ಪ್ರತಿಫಲ ಅದು.

ಪ್ರತಿ ಹುಟ್ಟುಹಬ್ಬಕ್ಕೆ ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸಲು ಹೇಳಿ. ಬೂಟಿನ ಅಳತೆ ಸಿಗುತ್ತದೆ, ಅದು ಸರಿಯೇ. ಅದಕ್ಕಿಂತ ಹೆಚ್ಚಾಗಿ, ಫೋಟೋದಲ್ಲಿ ಎಷ್ಟು ನೋಡಿದರೂ ತಿಳಿಯದ ಗಾತ್ರ ಕೈಗೆ ತಿಳಿಯುತ್ತದೆ. ಒಂದು ವರ್ಷ ಆ ಗೆರೆ ನನ್ನ ಅಂಗೈ ದಾಟಿತ್ತು. ಕಳಿಸುವ ಉಡುಗೊರೆಗಳನ್ನು ಆಮೇಲೆ ಬೇರೆ ರೀತಿಯಲ್ಲೇ ಯೋಚಿಸಬೇಕಾಯಿತು.

ವಿಡಿಯೋ ಕರೆ

ಪುಟ್ಟ ಮಗುವಿಗೆ ಪರದೆ ತೋರಿಸುವುದೇ ತಪ್ಪು ಎಂದು ಹೆದರುವ ಹೆತ್ತವರಿದ್ದಾರೆ. ಆ ಎಚ್ಚರ ಒಳ್ಳೆಯದೇ. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹದಿನೆಂಟು ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡ ಎಂದಾಗಲೂ ವಿಡಿಯೋ ಕರೆಗೆ ವಿನಾಯಿತಿ ಕೊಟ್ಟಿತ್ತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ಹೊಸ ಕ್ರಿಯಾಪದಗಳನ್ನು ಎದುರಿಗೆ ಕೂತವರಿಂದ ಕಲಿತಷ್ಟೇ ಚೆನ್ನಾಗಿ ವಿಡಿಯೋ ಕರೆಯಲ್ಲಿದ್ದವರಿಂದಲೂ ಕಲಿತರು. ಮೊದಲೇ ರೆಕಾರ್ಡ್ ಮಾಡಿದ ವಿಡಿಯೋದಿಂದ ಕಲಿಯಲಿಲ್ಲ. ಮಗು ಕೈ ಎತ್ತಿದರೆ ಅತ್ತ ಕಡೆಯವರು ತಕ್ಷಣ ಅದಕ್ಕೆ ಸ್ಪಂದಿಸುತ್ತಾರಲ್ಲ, ವ್ಯತ್ಯಾಸ ಅಲ್ಲಿದೆ. ಹಾಗಾಗಿ ಚೆಂದದ ವಿಡಿಯೋ ಮಾಡಿ ಕಳಿಸುವುದಕ್ಕಿಂತ ಐದು ನಿಮಿಷದ ನೇರ ಕರೆ ಮೇಲು.

ಎಂಟು ಒಂಬತ್ತು ತಿಂಗಳ ಹೊತ್ತಿಗೆ ಮಗು ನಿಮ್ಮ ಮುಖ ಕಂಡೊಡನೆ ಅಮ್ಮನ ಹೆಗಲಲ್ಲಿ ಮುಖ ಹುದುಗಿಸಿ ಅಳಬಹುದು. ಅಪರಿಚಿತರಿಗೆ ಅಂಜುವ ವಯಸ್ಸದು. ಬೇಸರ ಮಾಡಿಕೊಳ್ಳದೆ ಅಮ್ಮನ ಜೊತೆ ಮಾತು ಮುಂದುವರಿಸಿ, ಮಗು ಓರೆಗಣ್ಣಲ್ಲಿ ನೋಡುತ್ತಿರಲಿ. ಮೂರು ವರ್ಷದ ಮಗು ಬರೀ ಧ್ವನಿಯ ಕರೆಯಲ್ಲಿ ತಲೆಯಾಡಿಸಿ ಸುಮ್ಮನಾಗುತ್ತದೆ. ನಿಮಗೆ ಅದು ಕಾಣುತ್ತಿಲ್ಲ ಎಂದು ಅದಕ್ಕೆ ಹೊಳೆಯುವುದಿಲ್ಲ. ಆ ವಯಸ್ಸಿಗೆ ವಿಡಿಯೋನೇ ಸರಿ.

"ನಾನ್ಯಾರು ಹೇಳು ನೋಡೋಣ?" ಎಂದು ಮಗುವನ್ನು ದಯವಿಟ್ಟು ಪರೀಕ್ಷೆಗೆ ಕೂರಿಸಬೇಡಿ. "ಒಂದು ಮುತ್ತು ಕೊಡು", "ಆ ಹಾಡು ಹೇಳು" ಎಂದು ಪೀಡಿಸಲೂ ಬೇಡಿ. ನೀವೇ ಹೆಸರು ಹೇಳಿಕೊಂಡು, ಏನಾದರೂ ಮಾಡಲು ಶುರು ಮಾಡಿ. ಒಂದೇ ಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಅಲ್ಲಿಗೆ ಕಳಿಸಿದರೆ ಓದುವವರು ನೀವು, ಪುಟ ತಿರುಗಿಸುವವರು ಅವರು. ಇಬ್ಬರೂ ಒಂದೊಂದು ಹಾಳೆ ಇಟ್ಟುಕೊಂಡು ಚಿತ್ರ ಬರೆಯಬಹುದು. ಎಷ್ಟೋ ಸಲ ಏನೂ ಮಾಡದಿದ್ದರೂ ನಡೆಯುತ್ತದೆ. ಒಮ್ಮೆ ಅವಳು ಫೋನನ್ನು ನೆಲದ ಮೇಲಿಟ್ಟು ಎದ್ದು ಹೋದಳು. ನನಗೆ ಚಾವಣಿ ಮಾತ್ರ ಕಾಣುತ್ತಿತ್ತು. ಕಾದೆ. ಬಂದವಳು ಎಲೆಯ ಮೇಲೊಂದು ಬಸವನಹುಳು ಹಿಡಿದುಕೊಂಡಿದ್ದಳು. ಅದರ ಕೊಂಬು ಮುಟ್ಟುವುದು, ಅದು ಒಳಗೆಳೆದುಕೊಳ್ಳುವುದು, ಮತ್ತೆ ಚಾಚುವುದನ್ನು ಕಾದು ಮತ್ತೆ ಮುಟ್ಟುವುದು. "ಉದ್ದ ಕೊಂಬಿನ ತುದಿಯಲ್ಲಿ ಇದೆಯಲ್ಲ, ಆ ಚುಕ್ಕೆ ಅದರ ಕಣ್ಣು" ಎಂದೆ. ಕೈ ಹಿಂದಕ್ಕೆಳೆದುಕೊಂಡು ಬಹಳ ಹೊತ್ತು ಹುಳುವನ್ನೇ ನೋಡಿದಳು. ಆಮೇಲೆ ಕೇಳಿದಳು, "ನಾನು ಅದರ ಕಣ್ಣಿಗೆ ಬೆರಳು ಹಾಕ್ತಿದ್ನಾ?" ಆ ಕರೆಯಲ್ಲಿ ನಾವು ಆಡಿದ ಮಾತು ಅಷ್ಟೇ. ಅವಳ ಮನಸ್ಸು ಎಂಥದು ಎಂದು ನನಗೆ ತಿಳಿಯಲು ಅಷ್ಟು ಸಾಕಾಗಿತ್ತು.

ಮಾತಾಡುವಾಗ ಪರದೆಯ ಮುಖವನ್ನು ಬಿಟ್ಟು ಆಗಾಗ ಕ್ಯಾಮೆರಾದ ಚುಕ್ಕೆಯನ್ನು ನೋಡಿ. ನೀವು ಕಣ್ಣಿಗೆ ಕಣ್ಣು ಕೊಟ್ಟಿದ್ದೀರಿ ಎಂದು ಅವರಿಗೆ ಅನ್ನಿಸುವುದು ಆಗಲೇ.

ಕಾಗದ ಬರೆಯಿರಿ

ತನ್ನ ಹೆಸರಿಗೇ ಬಂದ ಲಕೋಟೆ ಮಕ್ಕಳಿಗೆ ದೊಡ್ಡ ಸಂಗತಿ. ಕಾಗದ ಚಿಕ್ಕದಿರಲಿ, ಒಂದು ಸುದ್ದಿ ಒಂದು ಪ್ರಶ್ನೆ ಸಾಕು. ನಾನು ಒಂದು ಕಥೆಯನ್ನು ಕಂತುಕಂತಾಗಿ ಬರೆದೆ. ಪ್ರತಿ ಕಾಗದವೂ ಯಾರೋ ಬಾಗಿಲು ತಟ್ಟುವಲ್ಲಿಗೋ, ದೋಣಿ ತಿರುಗುವಲ್ಲಿಗೋ ನಿಲ್ಲುತ್ತಿತ್ತು. ಮುಂದೇನಾಯಿತು ಎಂಬುದನ್ನು ಅವಳು ಬರೆದು ಕಳಿಸಬೇಕು. ಬರೆಯಲು ಬಾರದಿದ್ದಾಗ ಚಿತ್ರ ಬಿಡಿಸಿ ಕಳಿಸುತ್ತಿದ್ದಳು. ನೀವು ಬರೆದದ್ದರ ಫೋಟೋ ತೆಗೆದಿಟ್ಟುಕೊಳ್ಳಿ, ಇಲ್ಲವಾದರೆ ಕಥೆ ಎಲ್ಲಿ ನಿಂತಿತ್ತೆಂದು ಮರೆಯುತ್ತೀರಿ.

ಇದಲ್ಲದೆ ವರ್ಷಕ್ಕೊಂದು ಕಾಗದ ಬೇರೆ ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಆ ವರ್ಷ ಆ ಮಗು ಹೇಗಿತ್ತು, ಏನು ಹೇಳಿತು, ಯಾವುದಕ್ಕೆ ಅತ್ತಿತು ಎಂಬುದಷ್ಟೇ. ದೊಡ್ಡವರಾದ ಮೇಲೆ ನಮಗೆ ನೆನಪಿರುವ ಅತ್ಯಂತ ಹಳೆಯ ಘಟನೆ ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಅದಕ್ಕೂ ಹಿಂದಿನದು ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಆ ವರ್ಷಗಳನ್ನು ಯಾರಾದರೂ ಬರೆದಿಡಬೇಕು. ದಿನವಿಡೀ ಮಗುವಿನ ಹಿಂದೆ ಓಡುವವರಿಗೆ ಅದಕ್ಕೆ ಬಿಡುವಿಲ್ಲ, ನಮಗಿದೆ. ಒಳ್ಳೆಯ ಕಾಗದ, ಬಾಲ್ ಪೆನ್ ಬಳಸಿ. ಬಿಲ್ ಮುದ್ರಿಸುವ ಥರ್ಮಲ್ ಕಾಗದದಲ್ಲಿ ಬಂದದ್ದೇನಾದರೂ ಜೊತೆಗಿಡಬೇಕಿದ್ದರೆ ನಕಲು ಮಾಡಿಸಿ ಇಡಿ, ಆ ಅಕ್ಷರ ಕೆಲವೇ ವರ್ಷದಲ್ಲಿ ಮಾಸುತ್ತದೆ.

ಉಡುಗೊರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆತ್ತವರನ್ನು ಕೇಳಿ ಕಳಿಸಿ, ಬಟ್ಟೆಯಾದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ, ಅಪ್ಪ ಅಮ್ಮ ಕೊಡಲಾಗದಷ್ಟು ದುಬಾರಿಯದು ಬೇಡ. ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಲಕೋಟೆಯಲ್ಲಿ ಅದಕ್ಕೂ ಏನಾದರೊಂದು ಇರಲಿ.

ನಿಮ್ಮದೇ ಆದ ದಿನ

ಹುಟ್ಟುಹಬ್ಬಕ್ಕೆ ಎಲ್ಲರೂ ಕರೆ ಮಾಡುತ್ತಾರೆ. ದೀಕ್ಷಾಸ್ನಾನದ ತಾರೀಖನ್ನು ಬಹಳ ಮನೆಗಳಲ್ಲಿ ಮರೆತೇಬಿಟ್ಟಿರುತ್ತಾರೆ. ಆ ದಿನವನ್ನು ನೀವು ಹಿಡಿದುಕೊಳ್ಳಿ. ಕರೆ ಮಾಡಿ, ಆ ದಿನ ಮಗು ಏನು ತೊಟ್ಟಿತ್ತು, ನೀರು ತಲೆಗೆ ಬಿದ್ದಾಗ ಅತ್ತಿತೋ ಇಲ್ಲವೋ, ಇದನ್ನೆಲ್ಲ ಹೇಳಿ. ಮಕ್ಕಳು ತಮ್ಮ ಕಥೆಯನ್ನು ಎಷ್ಟು ಸಲ ಬೇಕಾದರೂ ಕೇಳುತ್ತಾರೆ. ಅವರಿಗಾಗಿ ಪ್ರಾರ್ಥಿಸುತ್ತಿದ್ದರೆ ಅದನ್ನು ಅವರಿಗೆ ಹೇಳಿ. ಉಪದೇಶ ಬೇಡ, "ನಿನ್ನ ಗಣಿತ ಪರೀಕ್ಷೆಗೆ ಪ್ರಾರ್ಥಿಸಿದೆ" ಎಂದರೆ ಸಾಕು.

ಪ್ರಥಮ ಪರಮಪ್ರಸಾದಕ್ಕೆ ಹೋಗಲು ಈಗಿನಿಂದಲೇ ರಜೆ ಕೂಡಿಡಿ. 1910ರಲ್ಲಿ ಪೋಪ್ ಹತ್ತನೇ ಪಿಯಸ್ ಏಳು ವರ್ಷದ ಆಸುಪಾಸಿನ ಮಕ್ಕಳಿಗೆ ಅದನ್ನು ಕೊಡಬಹುದು ಎಂದಾಗಿನಿಂದ ಅದು ಚಿಕ್ಕ ವಯಸ್ಸಿನಲ್ಲೇ ಬರುತ್ತದೆ, ನೀವು ಅಂದುಕೊಂಡದ್ದಕ್ಕಿಂತ ಬೇಗ. ದೃಢೀಕರಣಕ್ಕೂ ದೀಕ್ಷಾಸ್ನಾನದಲ್ಲಿ ನಿಂತವರೇ ನಿಲ್ಲುವುದು ಒಳ್ಳೆಯದು ಎಂದು ನಿಯಮಸಂಹಿತೆ ಹೇಳುತ್ತದೆ. ನನಗೆ ಆ ಮಾತು ಬಹಳ ಇಷ್ಟ.

ಹದಿಮೂರರ ನಂತರ

ವಾಟ್ಸಾಪ್ ಬಳಸಲು ಕನಿಷ್ಠ 13 ವರ್ಷವಾಗಿರಬೇಕು. ಅಲ್ಲಿಂದ ಮುಂದೆ ಮಗು ನಿಮಗೆ ನೇರವಾಗಿ ಸಿಗುತ್ತದೆ, ಮತ್ತು ಬಹಳ ಸಲ ಉತ್ತರಿಸುವುದಿಲ್ಲ. ಓದಿದ ಗುರುತು ಬಂದಿರುತ್ತದೆ, ಮಾತಿಲ್ಲ. ಲೆಕ್ಕ ಕೇಳಬೇಡಿ. ಉತ್ತರ ಬೇಡದಂಥದ್ದನ್ನು ಕಳಿಸುತ್ತಿರಿ: ದಾರಿಯಲ್ಲಿ ಕಂಡ ಬೆಕ್ಕು, ಅವಳಿಗೆ ಇಷ್ಟವಾಗಬಹುದಾದ ಒಂದು ಹಾಡು. ಅವಳ ಫೋಟೋವನ್ನು ಕೇಳದೆ ಎಲ್ಲಿಯೂ ಹಾಕಬೇಡಿ, ಹಳೆಯದನ್ನೂ ಸಹ.

ಒಂದು ದಿನ ರಾತ್ರಿ ಉದ್ದನೆಯ ಸಂದೇಶ ಬರುತ್ತದೆ. ಮನೆಯವರಿಗೆ ಹೇಳಲಾಗದ್ದು ದೂರದವರಿಗೆ ಹೇಳಲಾಗುತ್ತದೆ. ಆ ದಿನಕ್ಕೆ ಮೊದಲೇ ಮೂವರ ನಡುವೆ ಒಪ್ಪಂದವಿರಲಿ: ಅವಳು ಹೇಳಿದ್ದು ನಿಮ್ಮಲ್ಲೇ ಉಳಿಯುತ್ತದೆ, ಅವಳ ಜೀವಕ್ಕೋ ಮೈಗೋ ಅಪಾಯವಿದ್ದರೆ ಮಾತ್ರ ಹೆತ್ತವರಿಗೆ ಹೇಳುತ್ತೀರಿ, ಹೇಳುವ ಮುನ್ನ ಅವಳಿಗೆ ತಿಳಿಸುತ್ತೀರಿ. ಇದನ್ನು ಅವಳ ಅಪ್ಪ ಅಮ್ಮನೆದುರಿಗೇ ಹೇಳಿ. ಅವರು ಒಪ್ಪಿದ್ದಾರೆಂದು ಗೊತ್ತಿದ್ದರೆ ಅವಳಿಗೂ ನಿಮ್ಮೊಡನೆ ಮಾತಾಡಲು ಕಳ್ಳತನ ಅನ್ನಿಸುವುದಿಲ್ಲ.

ಹೋಗಲು ಸಾಧ್ಯವಾದಾಗ ಹಬ್ಬಕ್ಕೆ ಹೋಗುವುದಕ್ಕಿಂತ ಶಾಲೆ ನಡೆಯುವ ಸಾಧಾರಣ ವಾರ ಆರಿಸಿಕೊಳ್ಳಿ. ಬಾಗಿಲಲ್ಲೇ ತಬ್ಬಿಕೊಳ್ಳಲು ಧಾವಿಸದೆ ಮೊದಲ ಅರ್ಧ ಗಂಟೆ ಚೀಲ ಬಿಚ್ಚುತ್ತಾ ಕೂತಿರಿ, ಅವರೇ ಹತ್ತಿರ ಬರುತ್ತಾರೆ. ಬೆಳಿಗ್ಗೆ ಅವಳ ಜೊತೆ ಶಾಲೆಯ ತನಕ ನಡೆದುಹೋಗಿ. ಯಾವ ಮನೆಯ ನಾಯಿಗೆ ಹೆದರಿ ರಸ್ತೆ ದಾಟುತ್ತಾಳೆ, ಯಾವ ತಿರುವಿನಲ್ಲಿ ಗೆಳತಿ ಕಾಯುತ್ತಾಳೆ, ಗೇಟಿನ ಬಳಿ ಯಾರಿಗೆ ಕೈ ಬೀಸುತ್ತಾಳೆ, ನೋಡಿಕೊಂಡು ಬಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಆರು ತಿಂಗಳ ಕರೆಗಳಲ್ಲಿ ಕೇಳುವ ಪ್ರಶ್ನೆಗಳೆಲ್ಲ ಆ ದಾರಿಯಲ್ಲೇ ಸಿಗುತ್ತವೆ.