ಡಬ್ಬಿ ಬೂತಾಯಿಯ ಗಸಿ: ಶಾರ್ಜಾದ ನಮ್ಮ ಮೆಸ್ಸಿನಲ್ಲಿ ಕಂಡುಕೊಂಡ ದಾರಿ

ಡಬ್ಬಿಯಲ್ಲಿ ಬರುವ ಬೂತಾಯಿಯಿಂದ (ಸಾರ್ಡೀನ್ ಮೀನಿನಿಂದ) ಕುಂದಾಪುರದ ಕಡೆಯ ಗಸಿಯನ್ನು, ಅಂದರೆ ಕಾಯಿ ಅರೆದು ಮಾಡುವ ದಪ್ಪ ಸಾರನ್ನು, ಮೀನು ಪುಡಿಯಾಗದಂತೆ, ತಗಡಿನ ವಾಸನೆ ಉಳಿಯದಂತೆ ಮಾಡಬಹುದು ಎಂದು ನಾನು ಹೇಳಿದಾಗ ನಮ್ಮ ಮೆಸ್ಸಿನಲ್ಲಿ ಅದನ್ನು ಒಪ್ಪಿದವರು ಒಬ್ಬರೂ ಇರಲಿಲ್ಲ. ಶಾರ್ಜಾದ ರೋಲಾ ಬಳಿಯ ಫ್ಲ್ಯಾಟಿನಲ್ಲಿ ನಾವು ಒಂಬತ್ತು ಮಂದಿ ಕೂಡಿ ಊಟ ಮಾಡುತ್ತೇವೆ. ಕುಂದಾಪುರ, ಬೈಂದೂರು, ಭಟ್ಕಳದ ಕಡೆಯವರೇ ಹೆಚ್ಚು, ಮೀನಿನ ವಿಷಯದಲ್ಲಿ ಯಾರೂ ಸುಲಭಕ್ಕೆ ರಾಜಿಯಾಗುವವರಲ್ಲ. 'ಡಬ್ಬಿ ಮೀನು ಮೀನೇ ಅಲ್ಲ ಮಾರಾಯಾ' ಎನ್ನುವುದು ಅವರ ತೀರ್ಪಾಗಿತ್ತು. ಈಗ ವಾರದಲ್ಲಿ ಎರಡು ರಾತ್ರಿ ಅದೇ ಗಸಿಯಾಗುತ್ತದೆ, ಅಳಗೆಯಲ್ಲಿ ಮರುದಿನಕ್ಕೆ ಉಳಿಸಬೇಕೆಂದರೆ ನಾನು ಮೊದಲೇ ತೆಗೆದಿಡಬೇಕಾಗುತ್ತದೆ. ಬೇರೆ ಮೆಸ್ಸುಗಳಲ್ಲಿ ಅಡುಗೆ ನೋಡಿಕೊಳ್ಳುವ ಮೂರು ನಾಲ್ಕು ಮಂದಿ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಮಸಾಲೆ ಹುರಿಯುವುದನ್ನೂ ಅರೆಯುವುದನ್ನೂ ನಿಮಗೆ ಹೇಳಿಕೊಡುವ ಅಗತ್ಯವಿಲ್ಲ, ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

ಮೊದಲು ದುಡ್ಡಿನ ಮಾತು. ಡಬ್ಬಿ ಮೀನು ತಾಜಾ ಮೀನಿಗಿಂತ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾರುಕಟ್ಟೆಗೆ ತಾಜಾ ಬೂತಾಯಿ ಧಾರಾಳವಾಗಿ ಬರುವ ದಿನಗಳಲ್ಲಿ ಅದರ ಮುಂದೆ ಯಾವ ಡಬ್ಬಿಯೂ ನಿಲ್ಲದು. 125 ಗ್ರಾಂ ಡಬ್ಬಿಯೊಂದಕ್ಕೆ ನಾನು ಎರಡೂವರೆಯಿಂದ ಮೂರು ದಿರ್ಹಮ್ ಕೊಡುತ್ತೇನೆ, ಎಣ್ಣೆ ಬಸಿದರೆ ಅದರಲ್ಲಿ ಕೈಗೆ ಸಿಗುವ ಮೀನು ಸುಮಾರು 90 ಗ್ರಾಂ. ತಾಜಾ ಬಂಗುಡೆಯನ್ನು (ಮ್ಯಾಕೆರೆಲ್) ತಲೆ, ಕರುಳು ತೆಗೆಸಿ, ಕ್ಲೀನಿಂಗಿಗೂ ಕೊಟ್ಟು ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ ದರಕ್ಕೆ ಬರುತ್ತವೆ. ಉಳಿತಾಯವಿರುವುದು ಬೇರೆ ಕಡೆ. ರಾತ್ರಿ ಒಂಬತ್ತು ಗಂಟೆಗೆ ಕೆಲಸ ಮುಗಿಸಿ ಬಂದವರು ಮೀನು ಮಾರುಕಟ್ಟೆಗೆ ಹೋಗುವುದಿಲ್ಲ, ಹೋಟೆಲಿಗೆ ಫೋನ್ ಮಾಡುತ್ತಾರೆ, ಒಬ್ಬರಿಗೆ 12ರಿಂದ 15 ದಿರ್ಹಮ್ ಹೋಗುತ್ತದೆ. ಆ ರಾತ್ರಿಗಳನ್ನು ಹಿಡಿದು ನಿಲ್ಲಿಸಿದ್ದರಿಂದ ನಮ್ಮ ಊಟದ ತಿಂಗಳ ಪಾಲು ತಲೆಗೆ 320ರ ಆಸುಪಾಸಿನಿಂದ 280ರ ಹತ್ತಿರಕ್ಕೆ ಇಳಿದಿದೆ. ಊರಿಗೆ ಹಣ ಕಳಿಸುವವನಿಗೆ ತಿಂಗಳಿಗೆ 40 ದಿರ್ಹಮ್ ಸಣ್ಣ ಮೊತ್ತವಲ್ಲ.

ಇದು ಒಂದೇ ಸಲಕ್ಕೆ ದಕ್ಕಿದ ಅಡುಗೆಯಲ್ಲ. ಆರಂಭದಲ್ಲಿ ಆಫರಿನಲ್ಲಿ ಸಿಕ್ಕಿತೆಂದು ಟೊಮೆಟೊ ಸಾಸಿನ 425 ಗ್ರಾಂ ಬಂಗುಡೆಯ ಒಂದು ಪೂರ್ತಿ ಕಾರ್ಟನ್ ತಂದಿದ್ದೆವು, ನೂರು ದಿರ್ಹಮಿಗಿಂತ ಹೆಚ್ಚೇ ಆಗಿತ್ತು. ಆ ಸಾಸಿನ ಸಿಹಿಗೂ ನಮ್ಮ ಹುಣಸೆಹುಳಿಗೂ ಹೊಂದಾಣಿಕೆಯೇ ಆಗಲಿಲ್ಲ. ಹುಳಿ ಹೆಚ್ಚಿಸಿದರೆ ಗಂಟಲು ಕೆರೆಯುತ್ತಿತ್ತು, ಮೆಣಸು ಹೆಚ್ಚಿಸಿದರೆ ಸಾಸಿನ ಸಿಹಿ ಇನ್ನಷ್ಟು ಎದ್ದು ಕಾಣುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಡಬ್ಬಿಗಳನ್ನು ಪಕ್ಕದ ಕೋಣೆಯ ಶ್ರೀಲಂಕಾದ ಹುಡುಗರಿಗೆ ಕೊಟ್ಟೆವು. ಅವರ ನಾಡಿನಲ್ಲಿ ಡಬ್ಬಿ ಮೀನಿನ ಸಾರು ದಿನನಿತ್ಯದ ಅಡುಗೆಯಾದ್ದರಿಂದ ಅವರು ಸಂತೋಷದಿಂದ ತೆಗೆದುಕೊಂಡರು. ಅವರು ಸಾಸನ್ನು ತೆಗೆದು, ಈರುಳ್ಳಿ, ಕರಿಬೇವು, ತೆಂಗಿನ ಹಾಲಿನಲ್ಲಿ ಬೇರೆಯದೇ ರುಚಿ ಮಾಡುವುದನ್ನು ನೋಡಿದ ಮೇಲೆ ತಪ್ಪು ಡಬ್ಬಿಯದ್ದಲ್ಲ, ನಮ್ಮ ಕ್ರಮ ಇದಕ್ಕೆ ಹೊಂದುತ್ತಿಲ್ಲ ಎಂಬುದು ನನಗೆ ಹೊಳೆಯಿತು.

ಆಮೇಲೆ ಎಣ್ಣೆಯಲ್ಲಿಟ್ಟ ಮೊರಾಕ್ಕೊದ ಬೂತಾಯಿಗೆ ಬಂದೆವು. ತಾಜಾ ಮೀನಿಗೆ ಮಾಡುವಂತೆಯೇ ಮಸಾಲೆ ಕುದಿಯುವಾಗ ಮೀನು ಹಾಕಿ, ಹತ್ತು ನಿಮಿಷ ಬೇಯಿಸಿದರೆ ಅಳಗೆಯಲ್ಲಿ ಮೀನಿನ ಬದಲು ಮುದ್ದೆ ಉಳಿಯಿತು. ಬೇಗ ಇಳಿಸಿದರೆ ಮಸಾಲೆ ಹಸಿಹಸಿಯಾಗಿತ್ತು. ಡಬ್ಬಿಯ ಎಣ್ಣೆಯನ್ನು ವ್ಯರ್ಥ ಮಾಡಬಾರದೆಂದು ಅದರಲ್ಲೇ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಾಗ ಕೋಣೆಯಿಡೀ ಕಮಟು ವಾಸನೆ ಹರಡಿ, ಎರಡು ದಿನ ಕಿಟಕಿ ತೆರೆದಿಡಬೇಕಾಯಿತು. ಉಪ್ಪಂತೂ ಪ್ರತಿಸಲವೂ ಮಿತಿ ಮೀರುತ್ತಿತ್ತು.

ಇವೆಲ್ಲಕ್ಕೂ ಕಾರಣ ಒಂದೇ ಕಡೆ ಇತ್ತು. ಡಬ್ಬಿ ಸೇರಿ ಮುಚ್ಚಿದ ಮೇಲೆ ಮೀನನ್ನು ಸುಮಾರು 121 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತಡದ ಆವಿಯಿಂದ ಬೇಯಿಸಿರುತ್ತಾರೆ, ಮುಳ್ಳು ಬೆರಳಲ್ಲಿ ಒತ್ತಿದರೆ ಪುಡಿಯಾಗುವುದು ಅದಕ್ಕೇ. ಟ್ಯೂನಾ, ಅಂದರೆ ನಮ್ಮ ಕೇದರ, ಇನ್ನೂ ಒಂದು ಹೆಜ್ಜೆ ಮುಂದೆ: ಅದನ್ನು ಡಬ್ಬಿಗೆ ತುಂಬುವ ಮೊದಲೇ ಒಮ್ಮೆ ಆವಿಯಲ್ಲಿ ಬೇಯಿಸಿ, ಆಮೇಲೆ ಡಬ್ಬಿಯಲ್ಲಿ ಮತ್ತೆ ಬೇಯಿಸುತ್ತಾರೆ. ಹೀಗೆ ಪೂರ್ತಿ ಬೆಂದಿರುವ ಮೀನಿಗೆ ನಾವು ಕೊಡುವ ಪ್ರತಿ ನಿಮಿಷದ ಕುದಿಯೂ ಹಾನಿಯೇ. ಎರಡನೆಯದಾಗಿ, ತಾಜಾ ಮೀನು ಕುದಿಯುವಾಗ ತನ್ನ ರಸವನ್ನು ಸಾರಿಗೆ ಬಿಡುತ್ತದೆ, ಗಸಿಗೆ ಮೀನಿನ ರುಚಿ ಬರುವುದು ಅದರಿಂದ. ಡಬ್ಬಿಯ ಮೀನು ಆ ರಸವನ್ನು ಡಬ್ಬಿಯೊಳಗೇ ಬಿಟ್ಟು ಬಂದಿರುತ್ತದೆ. ಮೂರನೆಯದಾಗಿ, ಬೂತಾಯಿಯ ಸ್ವಂತ ಕೊಬ್ಬು ಜೋರು ಬಿಸಿಗೆ ಬೇಗ ಕೆಡುವಂಥದ್ದು, ಆದ್ದರಿಂದ ಅದು ಸೇರಿರುವ ಎಣ್ಣೆಯಲ್ಲಿ ಒಗ್ಗರಣೆ ಕೊಡಬಾರದು. ಈ ಮೂರನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಅಡುಗೆಯ ಕ್ರಮವನ್ನೇ ತಿರುಗಿಸಬೇಕೆಂದು ತಾನಾಗಿ ತಿಳಿಯುತ್ತದೆ: ಮಸಾಲೆಯನ್ನು ಮೀನಿಲ್ಲದೆಯೇ ಪೂರ್ತಿ ಬೇಯಿಸಿ ಮುಗಿಸಬೇಕು, ಮೀನು ಬೆಂಕಿಯನ್ನೇ ನೋಡಬಾರದು.

ಈಗ ನಾನು ಮಾಡುವುದು ಹೀಗೆ. ಒಂಬತ್ತು ಮಂದಿಗೆ ಎಂಟು ಡಬ್ಬಿ. ಎಣ್ಣೆಯನ್ನು ಒಂದು ಲೋಟಕ್ಕೆ ಬಸಿದಿಟ್ಟು, ಮೀನುಗಳನ್ನು ಅಗಲವಾದ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಅರಿಶಿನ ಬೆರೆಸಿದ ದಪ್ಪ ಹುಣಸೆ ರಸವನ್ನು ಚಿಮುಕಿಸಿ ಕಾಲು ಗಂಟೆ ಬಿಡುತ್ತೇನೆ. ತಗಡಿನ ವಾಸನೆ ಮುಕ್ಕಾಲು ಪಾಲು ಇಲ್ಲಿಯೇ ಹೋಗುತ್ತದೆ. ನಲ್ಲಿಯ ನೀರಿನಲ್ಲಿ ತೊಳೆಯುವುದಿಲ್ಲ, ತೊಳೆದರೆ ಚರ್ಮ ಸುಲಿದುಬರುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಬೆಳ್ಳುಳ್ಳಿ ಇರುವ ನಮ್ಮ ಮಾಮೂಲಿ ಮಸಾಲೆಯನ್ನು ತೆಂಗಿನಕಾಯಿಯೊಂದಿಗೆ ಬೆಣ್ಣೆಯಷ್ಟು ನುಣ್ಣಗೆ ಅರೆದು, ತಾಜಾ ಮೀನಿಗೆ ಇಡುವುದಕ್ಕಿಂತ ಸ್ವಲ್ಪ ತೆಳ್ಳಗೆ ಒಲೆಗೆ ಇಡಬೇಕು, ಏಕೆಂದರೆ ಇದು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕುದಿಯಬೇಕಾಗಿದೆ. ಹುಳಿಯ ಹಸಿ ವಾಸನೆ ಹೋಗಿ, ಅಂಚಿನಲ್ಲಿ ಎಣ್ಣೆ ಬಿಡಲು ಶುರುವಾಗುವವರೆಗೂ ಕೈ ಬಿಡಬಾರದು. ಉಪ್ಪನ್ನು ಈ ಹಂತದಲ್ಲಿ ಹಾಕುವುದೇ ಇಲ್ಲ. ನಾಲಿಗೆ ಜುಮ್ಮೆನಿಸುವ ಒಣ ಮಸಾಲೆ ಕಾಯಿಯಾದ ಜುಮ್ಮನಕಾಯಿ ಊರಿನಿಂದ ಬಂದಿದ್ದರೆ ನಾಲ್ಕೈದನ್ನು ಜಜ್ಜಿ ಹಾಕುತ್ತೇನೆ. ಬಂಗುಡೆಗೂ ಬೂತಾಯಿಗೂ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಬೆಂಕಿ ಆರಿಸಿ, ಕುದಿ ಪೂರ್ತಿ ನಿಂತ ಮೇಲೆ ಮೀನುಗಳನ್ನು ಒಂದೊಂದಾಗಿ ಜಾರಿಸಿ, ಸೌಟು ಹಾಕದೆ ಅಳಗೆಯನ್ನೇ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ, ಮುಚ್ಚಿಡಬೇಕು. ಅರ್ಧ ಗಂಟೆ ಯಾರೂ ಮುಚ್ಚಳ ತೆಗೆಯಬಾರದು, ನಮ್ಮಲ್ಲಿ ಇದು ಕಟ್ಟುನಿಟ್ಟಿನ ನಿಯಮ. ಆಮೇಲೆ ರುಚಿ ನೋಡಿ ಉಪ್ಪು ಹಾಕುವುದು. ಎಷ್ಟೋ ಸಲ ಹಾಕುವ ಪ್ರಸಂಗವೇ ಬರುವುದಿಲ್ಲ. ಲೋಟದಲ್ಲಿ ಬಸಿದಿಟ್ಟ ಎಣ್ಣೆಯಲ್ಲಿ ಮೂರು ನಾಲ್ಕು ಚಮಚದಷ್ಟನ್ನು ಹಸಿಯಾಗಿಯೇ ಮೇಲೆ ಸುರಿಯುತ್ತೇನೆ, ಸಾರಿಗೆ ಮೀನಿನ ರುಚಿಯನ್ನು ಮರಳಿ ತರುವುದು ಅದೇ. ಸುರಿಯುವ ಮೊದಲು ಆ ಎಣ್ಣೆಗೆ ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಚ್ಚಳ ಹಾಕುವಾಗ ಒಳಗೆ ಇಡುವ ಒಂದು ಎಲೆಯ ವಿಷಯವನ್ನೂ ನಮ್ಮ ಮೆಸ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಇವೆರಡಿಲ್ಲದೆಯೂ ಗಸಿ ಚೆನ್ನಾಗಿಯೇ ಆಗುತ್ತದೆ. ಮರುದಿನ ಬೆಳಿಗ್ಗೆ ನೀರುದೋಸೆಗೆ ಅದು ಹಿಂದಿನ ರಾತ್ರಿಗಿಂತ ಮೇಲು.

ಪೌಷ್ಟಿಕತೆಯ ಬಗ್ಗೆ ನಾನು ಇಷ್ಟು ಗಮನ ಕೊಡಲು ಕಾರಣ ನಮ್ಮ ಕೋಣೆಯವರ ಆರೋಗ್ಯ. ಗಸಿಯಲ್ಲಿ ಒಬ್ಬನ ಪಾಲಿಗೆ ಸುಮಾರು 80 ಗ್ರಾಂ ಮೀನು ಬರುತ್ತದೆ. ಮುಳ್ಳು ಸಹಿತ ಡಬ್ಬಿ ಬೂತಾಯಿ 100 ಗ್ರಾಮಿನಲ್ಲಿ 24 ಗ್ರಾಮಿನಷ್ಟು ಪ್ರೊಟೀನ್, 380 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಒಂದು ಗ್ರಾಮಿನಷ್ಟು ಒಮೆಗಾ-3 ಇರುತ್ತದೆ. ಅಂದರೆ ವಯಸ್ಕನಿಗೆ ದಿನಕ್ಕೆ ಬೇಕಾದ 1000 ಮಿಲಿಗ್ರಾಂ ಕ್ಯಾಲ್ಸಿಯಮಿನಲ್ಲಿ ಮೂರರಲ್ಲೊಂದರ ಹತ್ತಿರದಷ್ಟು ಆ ಒಂದು ಊಟದಲ್ಲೇ ಸಿಗುತ್ತದೆ, ಬಿ12 ದಿನದ ಅಗತ್ಯಕ್ಕಿಂತ ಹೆಚ್ಚೇ ಸಿಗುತ್ತದೆ. ಇಷ್ಟು ಬಿಸಿಲಿನ ನಾಡಿನಲ್ಲಿದ್ದರೂ ಹಗಲೆಲ್ಲಾ ಎಸಿ ಒಳಗೆ ಕೆಲಸ ಮಾಡುವ ನಮ್ಮಂಥವರಿಗೆ ಬೂತಾಯಿಯಲ್ಲಿರುವ ವಿಟಮಿನ್ ಡಿ ಕೂಡ ಬೇಕಾದದ್ದೇ. ಈ ಕ್ಯಾಲ್ಸಿಯಮೆಲ್ಲ ಮುಳ್ಳಿನಲ್ಲಿದೆ. ಮುಳ್ಳು ಬಿಡಿಸಿ ತಿನ್ನುವವರಿಗೆ ಅದು ದಕ್ಕುವುದಿಲ್ಲ, ಮುಳ್ಳೇ ಇಲ್ಲದ ಟ್ಯೂನಾದಲ್ಲಿ ಅದು ನಗಣ್ಯ. ಟ್ಯೂನಾದಲ್ಲಿ ಪ್ರೊಟೀನ್ ಒಳ್ಳೆಯದಿದೆ, ಆದರೆ ದೊಡ್ಡ ಮೀನಾದ್ದರಿಂದ ಪಾದರಸದ ಅಂಶ ಬೂತಾಯಿಗಿಂತ ಹೆಚ್ಚು. ಊರಿನಲ್ಲಿ ಬಸುರಿ ಹೆಂಗಸರಿರುವ ಮನೆಗೆ ಡಬ್ಬಿ ಒಯ್ಯುವವರಿಗೆ ಬೂತಾಯಿಯನ್ನೇ ಒಯ್ಯಿರಿ ಎನ್ನುತ್ತೇನೆ. ನಮ್ಮಲ್ಲಿ ಒಬ್ಬರಿಗೆ ಯೂರಿಕ್ ಆಸಿಡ್ ತೊಂದರೆಯಿದೆ, ಬೂತಾಯಿ ಅದನ್ನು ಏರಿಸುವ ಮೀನು, ಅವರಿಗೆ ಆ ರಾತ್ರಿ ಮೊಟ್ಟೆ ಸಾರು. ರಕ್ತದೊತ್ತಡ ಇರುವ ಇಬ್ಬರಿಗಾಗಿ ಡಬ್ಬಿಯ ಮೇಲಿನ ಸೋಡಿಯಂ ಸಾಲನ್ನು ಓದಿಯೇ ಕೊಳ್ಳುತ್ತೇನೆ, ಒಂದು ಡಬ್ಬಿಗೂ ಇನ್ನೊಂದಕ್ಕೂ ಎರಡರಷ್ಟು ವ್ಯತ್ಯಾಸ ಇರುವುದುಂಟು. ಉಪ್ಪುನೀರಿನ ಟ್ಯೂನಾವನ್ನು ಮಾತ್ರ ಜಾಲರಿಯಲ್ಲಿ ತೊಳೆದು ಹಿಂಡುತ್ತೇನೆ, ಅದರ ಉಪ್ಪು ಗಣನೀಯವಾಗಿ ಇಳಿಯುತ್ತದೆ.

ಹಾಗೆ ಹಿಂಡಿದ ಟ್ಯೂನಾ ಸುಕ್ಕಕ್ಕೆ, ಅಂದರೆ ಸಾರಿಲ್ಲದ ಒಣ ಅಡುಗೆಗೆ, ಬಹಳ ಒಳ್ಳೆಯದು. ಅರ್ಧಂಬರ್ಧ ಅರೆದ ಕಾಯಿ ಮಸಾಲೆಯನ್ನು ತೇವ ಆರುವವರೆಗೆ ಹುರಿದು, ಕೊನೆಯ ಒಂದು ನಿಮಿಷಕ್ಕೆ ಟ್ಯೂನಾ ಕೆದರಿ ಹಾಕಿದರೆ ಆಯಿತು, ಡಬ್ಬಿಯದೆಂದು ಹೇಳದ ಹೊರತು ಗೊತ್ತಾಗುವುದಿಲ್ಲ. ಬೂತಾಯಿಯನ್ನು ಕಬ್ಬಿಣದ ತವದ ಮೇಲೆ ಒಣಗಿಸಿ, ಸುಟ್ಟ ಮೆಣಸು, ಹಸಿ ಈರುಳ್ಳಿ, ಹುಳಿ, ಹಸಿ ತೆಂಗಿನೆಣ್ಣೆಯೊಡನೆ ಕಿವುಚಿದ ಗೊಜ್ಜು ಕುಚ್ಚಲಕ್ಕಿ ಗಂಜಿಗೆ ಒಣಮೀನಿನ ಚಟ್ನಿಯಷ್ಟೇ ಸಲ್ಲುತ್ತದೆ. ರವೆ ಫ್ರೈ ಮಾತ್ರ ಆಗಲೇ ಇಲ್ಲ. ಅಕ್ಕಿಹಿಟ್ಟು, ಮೊಟ್ಟೆ, ಫ್ರೀಜರಿನಲ್ಲಿ ಗಟ್ಟಿಮಾಡುವುದು ಎಲ್ಲವನ್ನೂ ನೋಡಿಯಾಗಿದೆ, ತಿರುವಿಹಾಕುವಾಗ ಮುರಿಯುತ್ತದೆ. ಅದನ್ನು ಸಾಧಿಸಿದವರಿದ್ದರೆ ನಾನು ಕಲಿಯಲು ಸಿದ್ಧನಿದ್ದೇನೆ.

ಒಮ್ಮೆ ತಾಜಾ ಬೂತಾಯಿಯನ್ನೇ ಡಬ್ಬಿಯದರಂತೆ ಮಾಡಲು ಹೊರಟೆ. ತಲೆ ತೆಗೆದ ಮೀನುಗಳನ್ನು ಕುಕ್ಕರಿನಲ್ಲಿ ಒತ್ತಾಗಿ ಜೋಡಿಸಿ, ತೆಂಗಿನೆಣ್ಣೆ, ವಿನೆಗರ್, ಕಾಳುಮೆಣಸು, ಸ್ವಲ್ಪ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಒಂದು ಗಂಟೆಯಷ್ಟು ಬಿಟ್ಟಾಗ ಮುಳ್ಳು ಡಬ್ಬಿಯದರಷ್ಟೇ ಮೆತ್ತಗಾಯಿತು, ರುಚಿ ಡಬ್ಬಿಯನ್ನು ಮೀರಿಸಿತು. ಗ್ಯಾಸ್ ಖರ್ಚು ಹೆಚ್ಚು, ಆದರೆ ಅಗ್ಗದ ಮೀನು ಸಿಕ್ಕಿದಾಗ ಮಾಡಬಹುದು. ಇದನ್ನು ಬಾಟಲಿಯಲ್ಲಿ ತುಂಬಿ ತಿಂಗಳುಗಟ್ಟಲೆ ಇಡುತ್ತೇನೆಂದು ಗೆಳೆಯರೊಬ್ಬರು ಹೊರಟಾಗ ಬಲವಂತವಾಗಿ ತಡೆದೆ. ಗಾಳಿಯಿಲ್ಲದ ಬಾಟಲಿಯಲ್ಲಿ ಬಾಟ್ಯುಲಿನಂ ಸೂಕ್ಷ್ಮಾಣುವಿನ ಬೀಜಕಗಳು ಉಳಿದರೆ ಅದು ಪ್ರಾಣಕ್ಕೇ ಅಪಾಯ, ಅದಕ್ಕೆ ಬೇಕಾದ ಬಿಸಿ ಮತ್ತು ಹೊತ್ತನ್ನು ಖಾತರಿಪಡಿಸುವ ಸಲಕರಣೆ ನಮ್ಮ ಅಡುಗೆಮನೆಯಲ್ಲಿಲ್ಲ. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ತಿಂದು ಮುಗಿಸುವುದಷ್ಟೇ. ಅಂಗಡಿಯ ಡಬ್ಬಿಯಾದರೂ ಉಬ್ಬಿದ್ದರೆ, ಅಂಚಿನಲ್ಲಿ ಜಜ್ಜಿದ್ದರೆ ನಾವು ತೆರೆದೂ ನೋಡದೆ ಎಸೆಯುತ್ತೇವೆ.

ಸೈಟಿಗೆ ಹೋಗುವವರಿಗೆ ತೆರೆದ ಮೀನನ್ನು ಡಬ್ಬದಲ್ಲಿ ಕಟ್ಟಿಕೊಡುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಬೂತಾಯಿ, ಬಂಗುಡೆ, ಟ್ಯೂನಾ ಜಾತಿಯ ಮೀನುಗಳು ಬಿಸಿಯಲ್ಲಿ ಕುಳಿತರೆ ಹಿಸ್ಟಮೈನ್ ಉಂಟಾಗಿ ಮುಖ ಕೆಂಪೇರಿ, ಮೈ ತುರಿಕೆ, ತಲೆನೋವು ಬರುತ್ತದೆ, ಮತ್ತೆ ಕಾಯಿಸಿದರೂ ಅದು ಹೋಗುವುದಿಲ್ಲ. ಅದರ ಬದಲು ಮುಚ್ಚಿದ ಡಬ್ಬಿಯನ್ನೇ ಕೊಟ್ಟು, ಜೊತೆಗೆ ಒಂದು ಲಿಂಬೆ, ಹೆಚ್ಚಿದ ಈರುಳ್ಳಿ, ಹುರಿದ ಮಸಾಲೆಯ ಪುಡಿ ಕಟ್ಟಿ ಕಳಿಸುತ್ತೇನೆ. ಊಟದ ಹೊತ್ತಿಗೆ ಡಬ್ಬಿ ತೆರೆದು ಅಲ್ಲೇ ಕಲಸಿ ಖುಬ್ಬೂಸಿನಲ್ಲಿ (ಇಲ್ಲಿನ ಅರಬ್ ರೊಟ್ಟಿಯಲ್ಲಿ) ಸುತ್ತಿಕೊಂಡರೆ ನಾಲ್ಕು ದಿರ್ಹಮಿನೊಳಗೆ ಹೊಟ್ಟೆ ತುಂಬುತ್ತದೆ.

ಕಳೆದ ಮಳೆಗಾಲದ ರಜೆಯಲ್ಲಿ ಒಂದಿಷ್ಟು ಡಬ್ಬಿಗಳನ್ನು ಊರಿಗೂ ಒಯ್ದಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಬಂದರಿನಲ್ಲಿ ಸಿಗುವ ಅಲ್ಪಸ್ವಲ್ಪ ಮೀನಿಗೆ ಕೈ ಹಾಕುವಂತಿರುವುದಿಲ್ಲ. ದೊಡ್ಡಮ್ಮ ಡಬ್ಬಿಯನ್ನು ನೋಡಿ ಮುಖ ತಿರುಗಿಸಿದವರು, ಮಣ್ಣಿನ ಅಳಗೆಯಲ್ಲಿ ಗಸಿ ಆದ ಮೇಲೆ ಎರಡನೇ ಸಲ ಬಡಿಸಿಕೊಂಡರು, ಮಸಾಲೆಗೆ ಇನ್ನೂ ಎರಡು ಕಾಳು ಮೆಂತೆ ಬೇಕಿತ್ತೆಂದು ಹೇಳಿದರು, ಅದು ಸರಿಯಾದ ಮಾತೇ ಆಗಿತ್ತು. ಆದರೆ ಊರಿನ ಅಂಗಡಿಯಲ್ಲಿ ಡಬ್ಬಿ ಮೀನಿನ ಬೆಲೆ ಇಲ್ಲಿಗಿಂತ ಬಹಳ ಹೆಚ್ಚು. ಬೆಂಗಳೂರಿನಲ್ಲಿರುವ ತಮ್ಮ ಇದೇ ಕ್ರಮದಲ್ಲಿ ಮಾಡಿ ನೋಡಿದ, ರುಚಿ ಬಂತು, ಲೆಕ್ಕ ಮಾತ್ರ ಗಿಟ್ಟಲಿಲ್ಲ. ಅಲ್ಲಿರುವವರಿಗೆ ಕುಕ್ಕರಿನ ತಾಜಾ ಬೂತಾಯಿಯೇ ಲಾಭ. ಅದಕ್ಕೂ ಮಸಾಲೆಯನ್ನು ಇದೇ ರೀತಿ ಮೊದಲೇ ಬೇಯಿಸಿ ಮುಗಿಸಿ, ಬೆಂದ ಮೀನನ್ನು ಬೆಂಕಿ ಆರಿಸಿದ ಮೇಲೆಯೇ ಜಾರಿಸಬೇಕು.